ಹಳೇ ಸಿಮೆಂಟ್ ಶೀಟ್ ಕೆಳಗಿಳಿಸೋ ಮುಂಚೆ: ಅಸ್ಬೆಸ್ಟಾಸ್ ಧೂಳು, ಕಾನೂನು ಮತ್ತು ಕೆಲಸದ ಕ್ರಮ

[ದೃಶ್ಯ: ಗದಗ-ಬೆಟಗೇರಿಯ ಓಣಿ. ಮಗ್ಗದ ಮನೆಯ ಮೇಲೆ ಬೂದು ಬಣ್ಣದ ಅಲೆಅಲೆ ಶೀಟುಗಳು. ಹಿಂದೆ ಕಟರ್ ಮಷೀನಿನ ಸದ್ದು.]

ನಮಸ್ಕಾರ್ರಿ. ಮುಂಗಾರಿನ ಹೊಸ್ತಿಲಲ್ಲಿ ನಮ್ಮ ಕಡೆ ಯಾವ ಊರಿಗೆ ಹೋದರೂ ಈ ಸದ್ದು ಕೇಳುತ್ತೆ. ಸೋರೋ ಶೀಟ್ ತೆಗೆಸಬೇಕು, ಹೊಸದು ಹಾಕಿಸಬೇಕು. ಅಮರಗೋಳದ ಗೋದಾಮು, ತಾರಿಹಾಳದ ಶೆಡ್ಡು, ಬ್ಯಾಡಗಿಯ ಮೆಣಸಿನಕಾಯಿ ಅಂಗಡಿ, ಹಾನಗಲ್ಲಿನ ದನದ ಕೊಟ್ಟಿಗೆ, ಎಲ್ಲಾ ಕಡೆ ತಲೆ ಮೇಲೆ ಇರೋದು ಒಂದೇ ಸರಕು. ನಾವು ಸಿಮೆಂಟ್ ಶೀಟ್ ಅಂತೀವಿ. ಅದರೊಳಗೆ ಸಿಮೆಂಟಿನ ಜೊತೆ ಸುಮಾರು 8ರಿಂದ 10 ಶೇಕಡಾ ಅಸ್ಬೆಸ್ಟಾಸ್ ಅನ್ನೋ ನಾರುನಾರಾದ ಖನಿಜ ಇರುತ್ತೆ.

[ತೆರೆಯ ಮೇಲೆ: 3 ಮೀ. ಉದ್ದ, 1.05 ಮೀ. ಅಗಲ, 6 ಮಿ.ಮೀ. ದಪ್ಪ. ತೂಕ ಸುಮಾರು 42 ಕೆ.ಜಿ.]

ಲೆಕ್ಕ ಹಾಕಿ ನೋಡ್ರಿ. ಮೂರು ಮೀಟರಿನ ಒಂದೇ ಶೀಟಿನಲ್ಲಿ ಮೂರೂವರೆಯಿಂದ ನಾಲ್ಕು ಕೆ.ಜಿ. ಅಸ್ಬೆಸ್ಟಾಸ್. ಶೀಟ್ ಗಟ್ಟಿಯಾಗಿ ಇರೋತನಕ ಆ ನಾರನ್ನು ಸಿಮೆಂಟು ಹಿಡಿದಿಟ್ಟಿರುತ್ತೆ. ಹಾಗಾಗಿ ಅದರ ಕೆಳಗೆ ಮಲಗಿದ ಮಾತ್ರಕ್ಕೆ ನಾಳೆನೇ ಏನೋ ಆಗಿಬಿಡುತ್ತೆ ಅಂತ ಗಾಬರಿ ಆಗಬೇಡ್ರಿ. ಅಪಾಯ ಹುಟ್ಟೋದು ಅದನ್ನ ಕೊಯ್ದಾಗ, ಒಡೆದಾಗ, ಉಜ್ಜಿದಾಗ. ನಾವು ಮಾತ್ರ ಅದೇ ಹೊತ್ತಿನಲ್ಲಿ ಅತಿ ಕಡಿಮೆ ಎಚ್ಚರದಲ್ಲಿ ಇರ್ತೀವಿ: ಗೌಂಡಿಯ ಮುಖಕ್ಕೆ ಒಂದು ಟವೆಲ್ಲು, ಕೆಳಗೆ ಆಡೋ ಮಕ್ಕಳು, ಸಂಜೆಗೆ ಕಸಬರಿಗೆ.

[ಹತ್ತಿರದ ದೃಶ್ಯ: ಮುರಿದ ಹಳೇ ಶೀಟಿನ ಅಂಚು.]

ಈ ಅಂಚನ್ನ ಗಮನ ಇಟ್ಟು ನೋಡ್ರಿ. ವರ್ಷಾನುವರ್ಷದ ಮಳೆಗೆ ಮೇಲಿನ ಸಿಮೆಂಟ್ ಪದರ ಸವೆದಿದೆ. ಪಾಚಿ ಹಿಡಿದಿದೆ. ಮುರಿದ ಬಾಯಲ್ಲಿ ಬಿಳಿ ಬಿಳಿ ಎಳೆ ಚಾಚಿಕೊಂಡಿವೆ. ಕಣ್ಣಿಗೆ ಕಾಣೋ ಈ ಎಳೆ ಒಂದೇ ನಾರಲ್ಲ, ನಾರುಗಳ ಕಟ್ಟು. ಉಜ್ಜಿದರೆ ಅದು ಉದ್ದಕ್ಕೆ ಸೀಳ್ತಾ ಹೋಗುತ್ತೆ, ತೆಳುವಾಗ್ತಾ ಹೋಗುತ್ತೆ. ಪ್ರಯೋಗಾಲಯದವರು ಗಾಳಿಯಲ್ಲಿ ಎಣಿಸೋದು 5 ಮೈಕ್ರಾನಿಗಿಂತ ಉದ್ದ, 3 ಮೈಕ್ರಾನಿಗಿಂತ ಸಣಕಲು ಇರೋ ನಾರುಗಳನ್ನ. ತಲೆಗೂದಲಿನ ದಪ್ಪವೇ 50 ಮೈಕ್ರಾನ್ ದಾಟುತ್ತೆ. ಅಂದಮೇಲೆ ಈ ನಾರು ಕಾಣೋದಿಲ್ಲ, ವಾಸನೆ ಇಲ್ಲ, ಅವತ್ತೇ ಕೆಮ್ಮು ಬರಬೇಕು ಅಂತಲೂ ಇಲ್ಲ. "ಇಪ್ಪತ್ತ ವರ್ಷ ಆತು ಇದ ಕೆಲಸ ಮಾಡಾಕತ್ತೀನಿ, ನನಗೇನಾಗೇತ್ರಿ?" ಅಂತ ಮಿಸ್ತ್ರಿ ಕೇಳೋದು ಇದಕ್ಕೇ. ಮೆಸೊಥೆಲಿಯೋಮಾ ಅನ್ನೋ ಕ್ಯಾನ್ಸರ್ ಕಾಣಿಸಿಕೊಳ್ಳೋಕೆ ಸಾಮಾನ್ಯವಾಗಿ 20ರಿಂದ 50 ವರ್ಷ ಹಿಡಿಯುತ್ತೆ. ಇಪ್ಪತ್ತು ವರ್ಷ ಏನೂ ಆಗಿಲ್ಲ ಅನ್ನೋದು ಧೈರ್ಯ ಕೊಡೋ ಮಾತಲ್ಲ.

[ರೇಖಾಚಿತ್ರ: ಶ್ವಾಸಕೋಶ, ಗಾಳಿಗೂಡು, ನಾರು.]

ಒಳಗೆ ನಡೆಯೋದು ಹೀಗೆ. ನಾರು ಉಸಿರಿನ ಜೊತೆ ಶ್ವಾಸಕೋಶದ ತುದಿಯ ಗಾಳಿಗೂಡಿನವರೆಗೆ ಇಳಿಯುತ್ತೆ. ಅಲ್ಲಿ ಕಸ ನುಂಗೋ ಕಾವಲು ಜೀವಕಣಗಳಿವೆ. ಅವು ನಾರನ್ನ ನುಂಗೋಕೆ ಹೋಗ್ತವೆ, ಆದರೆ ನಾರು ಕಣಕ್ಕಿಂತ ಉದ್ದ. ಪೂರ್ತಿ ನುಂಗೋಕೆ ಆಗದೆ ಕಣ ತನ್ನೊಳಗಿನ ರಾಸಾಯನಿಕ ಹೊರಗೆ ಚೆಲ್ಲುತ್ತೆ, ಸುತ್ತಲ ಅಂಗಾಂಶ ಉರಿಯುತ್ತೆ. ನಾರು ಅಲ್ಲೇ ಉಳಿಯುತ್ತೆ, ಉರಿಯೂತ ವರ್ಷಗಟ್ಟಲೆ ನಡೆಯುತ್ತೆ. ಶ್ವಾಸಕೋಶ ಗಾಯದ ಕಲೆಯಂತೆ ಗಡುಸಾದರೆ ಅದು ಅಸ್ಬೆಸ್ಟೋಸಿಸ್. ಮೆಟ್ಟಿಲು ಹತ್ತಿದರೆ ಏದುಸಿರು, ಒಣಕೆಮ್ಮು. ಒಮ್ಮೆ ಗಡುಸಾದ ಭಾಗ ಮತ್ತೆ ಮೊದಲಿನಂತೆ ಆಗೋದಿಲ್ಲ. ಶ್ವಾಸಕೋಶದ ಕ್ಯಾನ್ಸರ್, ಗಂಟಲಿನ ಧ್ವನಿಪೆಟ್ಟಿಗೆಯ ಕ್ಯಾನ್ಸರ್, ಅಂಡಾಶಯದ ಕ್ಯಾನ್ಸರ್ ಕೂಡ ಇದರಿಂದ ಬರ್ತವೆ. ಬೀಡಿ-ಸಿಗರೇಟು ಸೇದೋರಿಗೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತೆ. ಅಸ್ಬೆಸ್ಟಾಸ್ ಕೆಲಸದ ಕಾರಣದಿಂದ ಜಗತ್ತಿನಲ್ಲಿ ವರ್ಷಕ್ಕೆ 2 ಲಕ್ಷಕ್ಕೂ ಹೆಚ್ಚು ಜನ ಸಾಯ್ತಾರೆ ಅನ್ನೋದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು.

"ನಮ್ಮಲ್ಲಿ ಬರೋದು ಬಿಳಿ ಅಸ್ಬೆಸ್ಟಾಸ್, ಅದು ಸುರಕ್ಷಿತ" ಅನ್ನೋ ವಾದ ನೀವೂ ಕೇಳಿರ್ತೀರಿ. ಬಿಳಿ ಜಾತಿ, ಅಂದರೆ ಕ್ರೈಸೋಟೈಲ್, ನೀಲಿ ಮತ್ತು ಕಂದು ಜಾತಿಗಿಂತ ಬೇಗ ಶ್ವಾಸಕೋಶದಿಂದ ಹೊರಹೋಗುತ್ತೆ ಅನ್ನೋದು ನಿಜ. ಆದರೆ ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ ಎಲ್ಲಾ ಜಾತಿಯನ್ನೂ, ಕ್ರೈಸೋಟೈಲ್ ಸೇರಿಸಿ, ಮನುಷ್ಯರಿಗೆ ಖಚಿತವಾಗಿ ಕ್ಯಾನ್ಸರ್ ತರುವ ಮೊದಲನೇ ಗುಂಪಿನಲ್ಲೇ ಇಟ್ಟಿದೆ. ಇಷ್ಟರ ಕೆಳಗೆ ಅಪಾಯವೇ ಇಲ್ಲ ಅನ್ನೋ ಮಟ್ಟ ಸಿಕ್ಕಿಲ್ಲ.

[ತೆರೆಯ ಮೇಲೆ: ಕಾನೂನು ಎಲ್ಲಿದೆ, ಎಲ್ಲಿಲ್ಲ]

ಯುರೋಪ್ ಒಕ್ಕೂಟ 2005ರಲ್ಲಿ, ನೇಪಾಳ 2015ರಲ್ಲಿ, ಕೆನಡಾ 2018ರಲ್ಲಿ ನಿಷೇಧ ಜಾರಿ ಮಾಡಿದವು. ಅಮೆರಿಕ 2024ರಲ್ಲಿ ಕ್ರೈಸೋಟೈಲಿಗೂ ನಿಷೇಧದ ನಿಯಮ ತಂತು. ಭಾರತದಲ್ಲಿ ಹೊಸ ಗಣಿ ಗುತ್ತಿಗೆ 1986ರಲ್ಲೇ ನಿಂತಿತು, ಹಳೇ ಗುತ್ತಿಗೆಯ ನವೀಕರಣ 1993ರಲ್ಲಿ ನಿಂತಿತು. ಆದರೆ ರಷ್ಯಾ, ಕಜಾಕಿಸ್ತಾನದಂಥ ದೇಶಗಳಿಂದ ಕ್ರೈಸೋಟೈಲ್ ಬರ್ತಾನೇ ಇದೆ, ಶೀಟ್ ತಯಾರಾಗ್ತಾನೇ ಇದೆ. ರಾಟರ್‌ಡ್ಯಾಮ್ ಒಪ್ಪಂದದ (ಅಪಾಯಕಾರಿ ರಾಸಾಯನಿಕಗಳ ವ್ಯಾಪಾರದ ಬಗ್ಗೆ ದೇಶಗಳು ಮಾಡಿಕೊಂಡದ್ದು) ಅಪಾಯಕಾರಿ ಪಟ್ಟಿಗೆ ಕ್ರೈಸೋಟೈಲ್ ಸೇರಿಸೋ ಪ್ರಸ್ತಾಪ ಬಂದಾಗ ಅಡ್ಡಿ ಮಾಡಿದ ದೇಶಗಳಲ್ಲಿ ನಮ್ಮದೂ ಒಂದು. ನಮ್ಮ ಊರಿನ ಕೆಲಸಗಾರರ ಮೇಲೆ ಇದರ ಭಾರ ಬೀಳ್ತಿದೆ ಅಂತ ನೇರವಾಗೇ ಹೇಳ್ತೀವಿ.

1995ರ ಜನವರಿ 27ರಂದು ಸುಪ್ರೀಂ ಕೋರ್ಟ್ ಒಂದು ದೊಡ್ಡ ತೀರ್ಪು ಕೊಟ್ಟಿತು. ಕಾರ್ಮಿಕರ ಆರೋಗ್ಯ ಸಂವಿಧಾನದ 21ನೇ ವಿಧಿಯ, ಅಂದರೆ ಬದುಕುವ ಹಕ್ಕಿನ, ಭಾಗ. ಅಸ್ಬೆಸ್ಟಾಸ್ ಕಾರ್ಖಾನೆ ಪ್ರತಿ ಕೆಲಸಗಾರನ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದ ದಿನದಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ಆಮೇಲೆ ಬರುತ್ತೋ ಅಲ್ಲಿತನಕ ಇಡಬೇಕು. ಅಸ್ಬೆಸ್ಟೋಸಿಸ್ ಕಂಡರೆ ವೈದ್ಯರು ಸರ್ಕಾರಕ್ಕೆ ತಿಳಿಸಬೇಕು ಅನ್ನೋದು ಕಾರ್ಖಾನೆ ಕಾಯ್ದೆಯಲ್ಲೇ ಇತ್ತು. ಇದೆಲ್ಲಾ ಒಳ್ಳೇದೇ. ಆದರೆ ಇದೆಲ್ಲಾ ಕಾರ್ಖಾನೆಯ ಗೇಟಿನ ಒಳಗಿನ ಮಾತು. ನಿಮ್ಮ ಹಿತ್ತಲಿನಲ್ಲಿ ಏಣಿ ಹತ್ತಿ ದಿನಗೂಲಿಗೆ ಶೀಟ್ ಇಳಿಸೋ ಹುಡುಗನ ಹೆಸರು ಯಾವ ದಾಖಲೆಯಲ್ಲೂ ಇರೋದಿಲ್ಲ. ಅಲ್ಲಿ ಮುನ್ನೆಚ್ಚರಿಕೆಗೆ ಗತಿ ನೀವು, ಅಂದರೆ ಕೆಲಸ ಕೊಟ್ಟವರು.

[ದೃಶ್ಯ: ಶೀಟಿನ ಮೇಲಿನ ಐಎಸ್‌ಐ ಗುರುತು.]

ಮೊದಲು ಗುರುತು ಹಿಡೀರಿ. ಐಎಸ್ 459 ಅಂತ ಅಚ್ಚು ಇದ್ದರೆ ಅದು ಅಸ್ಬೆಸ್ಟಾಸ್ ಸಿಮೆಂಟ್ ಶೀಟು. ಅಸ್ಬೆಸ್ಟಾಸ್ ಇಲ್ಲದ ನಾರಿನ ಸಿಮೆಂಟ್ ಶೀಟಿಗೆ ಐಎಸ್ 14871. ಹೊಸದು ಕೊಳ್ಳೋವಾಗ ಅಂಗಡಿಯವರ ಬಾಯಿಮಾತು ಬಿಟ್ಟು ಈ ನಂಬರು ನೋಡ್ರಿ. ಅಚ್ಚು ಅಳಿಸಿಹೋದ ಹಳೇ ಶೀಟನ್ನ ಅಸ್ಬೆಸ್ಟಾಸ್ ಅಂತಲೇ ಹಿಡಿದು ಕೆಲಸ ಮಾಡ್ರಿ.

ಮುಂದಿನ ಪ್ರಶ್ನೆ, ತೆಗೀಲೇಬೇಕಾ? ಬಿರುಕಿಲ್ಲ, ಪುಡಿ ಉದುರ್ತಿಲ್ಲ ಅಂದರೆ ಹಾಗೇ ಬಿಡೋದು ಉತ್ತಮ. ಬಣ್ಣ ಹಚ್ಚಿ ಮುಚ್ಚಬಹುದು, ಆದರೆ ಅದಕ್ಕಿಂತ ಮುಂಚೆ ಪಾಚಿ ತೆಗೆಯೋಕೆ ವೈರ್ ಬ್ರಷ್ ಹಚ್ಚಬೇಡ್ರಿ, ಸರ್ವಿಸ್ ಸ್ಟೇಷನ್ನಿನ ಒತ್ತಡದ ನೀರು ಹೊಡೀಬೇಡ್ರಿ. ಎರಡೂ ಸವೆದ ಪದರ ಕಿತ್ತು ನಾರನ್ನ ಅಕ್ಕಪಕ್ಕದ ಅಂಗಳಕ್ಕೆ ಎರಚ್ತವೆ.

[ದೃಶ್ಯ: ಶೀಟ್ ಇಳಿಸೋ ಕೆಲಸ, ಹಂತ ಹಂತವಾಗಿ.]

ತೆಗೀಲೇಬೇಕು ಅಂದರೆ ಬೆಳಿಗ್ಗೆ ಗಾಳಿ ಏಳೋ ಮುಂಚೆ ಶುರು ಮಾಡ್ರಿ. ಮನೆಯವರು, ಮಕ್ಕಳು, ದನ ಆಚೆ. ಕಾಳು, ಪಾತ್ರೆ, ಹಾಸಿಗೆ ಹೊರಗೆ. ಹೊರಗೆ ತರೋಕಾಗದ ಸಾಮಾನು, ಮಗ್ಗದ ಮೇಲಿನ ಹಾಸು, ಇವುಗಳ ಮೇಲೆ ಪ್ಲಾಸ್ಟಿಕ್ ಹೊದಿಸ್ರಿ. ನೆಲಕ್ಕೂ ಹಾಸ್ರಿ, ಅಂಚಿಗೆ ಟೇಪು.

ಮುಖಕ್ಕೆ ಟವೆಲ್ಲು, ಕರವಸ್ತ್ರ, ಆಸ್ಪತ್ರೆಯ ನೀಲಿ ಮಾಸ್ಕು ಯಾವುದೂ ಆಗೋದಿಲ್ಲ. ಐಎಸ್ 9473 ಗುರುತಿನ ಎಫ್‌ಎಫ್‌ಪಿ3 ಮಾಸ್ಕು, ಇಲ್ಲವೇ ಪಿ100 ಫಿಲ್ಟರಿನ ಅರ್ಧಮುಖದ ರಬ್ಬರ್ ಮಾಸ್ಕು ಬೇಕು. ಗಡ್ಡ ಇದ್ದರೆ ಅಂಚು ಕೂರೋದಿಲ್ಲ, ನಾರು ಅಲ್ಲಿಂದಲೇ ನುಗ್ಗುತ್ತೆ. ಆವತ್ತು ಮಾತ್ರ ನುಣ್ಣಗೆ ಬೋಳಿಸಿ ಬರ್ರಿ. ಮೈಗೆ ಬಳಸಿ ಎಸೆಯೋ ಕವರ್‌ಆಲ್, ಅಂದರೆ ಇಡೀ ಮೈ ಮುಚ್ಚೋ ಉಡುಪು.

ಹತ್ತು ಲೀಟರ್ ನೀರಿಗೆ ಒಂದೆರಡು ಚಮಚ ಪಾತ್ರೆ ತೊಳೆಯೋ ಲಿಕ್ವಿಡ್ ಬೆರೆಸಿ, ತೋಟಕ್ಕೆ ಔಷಧ ಹೊಡೆಯೋ ಹೊಸ ಪಂಪಿನಿಂದ ಸಣ್ಣ ಮಂಜಿನಂತೆ ಸಿಂಪಡಿಸ್ರಿ. ಬರೀ ನೀರು ಶೀಟಿನ ಮೇಲೆ ಹನಿಯಾಗಿ ಜಾರುತ್ತೆ. ಲಿಕ್ವಿಡ್ ಇದ್ದರೆ ನೀರು ಒಳಗಿಳಿದು ನಾರನ್ನ ಅಂಟಿಸಿ ಹಿಡಿಯುತ್ತೆ. ಜೆ ಹುಕ್ಕಿನ (ಶೀಟನ್ನ ಅಡ್ಡತೊಲೆಗೆ, ಅಂದರೆ ಪರ್ಲಿನ್ನಿಗೆ, ಬಿಗಿಯೋ ಬಾಗಿದ ಬೋಲ್ಟು) ತೂತಿನ ಸುತ್ತ ಹೆಚ್ಚು ಹೊಡೀರಿ, ಪುಡಿ ಏಳೋದು ಅಲ್ಲೇ. ಶೀಟಿನ ಮೇಲೆ ನಿಲ್ಲಬೇಡ್ರಿ. ಹಳೇ ಶೀಟು ಮುನ್ಸೂಚನೆ ಕೊಡದೆ ಕುಸಿಯುತ್ತೆ, ಒದ್ದೆಯಾದರೆ ಜಾರುತ್ತೆ ಬೇರೆ. ಶೀಟ್ ಕೆಲಸದಲ್ಲಿ ಮೊದಲು ಜೀವ ತೆಗೆಯೋದು ಈ ಬೀಳೋದೇ. ಕೆಳಗಿನಿಂದ ಸ್ಕ್ಯಾಫೋಲ್ಡಿಂಗ್ ಕಟ್ಟಿಕೊಂಡು ಮಾಡ್ರಿ. ಮೇಲೆ ಹತ್ತದೆ ಆಗೋದೇ ಇಲ್ಲ ಅಂದರೆ ಪರ್ಲಿನ್‌ನಿಂದ ಪರ್ಲಿನ್‌ಗೆ ಮುಟ್ಟೋ ಹಲಗೆ, ಮೈಗೆ ಪೂರ್ತಿ ಬಿಗಿಯೋ ಸೇಫ್ಟಿ ಹಾರ್ನೆಸ್.

ತುಕ್ಕು ಹಿಡಿದ ಜೆ ಹುಕ್ಕನ್ನ ಬೋಲ್ಟ್ ಕಟರಿನಿಂದ ತುಂಡರಿಸ್ರಿ. ಶೀಟಿಗೆ ಗ್ರೈಂಡರ್ ಮುಟ್ಟಿಸಲೇಬಾರದು. ಅಮೆರಿಕದ ಕಾರ್ಮಿಕ ಮಿತಿ ಒಂದು ಘನ ಸೆಂಟಿಮೀಟರ್ ಗಾಳಿಗೆ 0.1 ನಾರು. ಒಣ ಶೀಟಿಗೆ ಕಟರ್ ಹಚ್ಚಿದರೆ ಅದೇ ಗಾಳಿಯಲ್ಲಿ ಹತ್ತಕ್ಕೂ ಮಿಕ್ಕಿ ನಾರು ಹಾರಬಹುದು, ಅಂದರೆ ಮಿತಿಯ ನೂರು ಪಟ್ಟು. ಹಾಕುವಾಗ ಕೊನೆಗೆ ಹಾಕಿದ ಶೀಟನ್ನ ಮೊದಲು ತೆಗೀರಿ, ಒಂದೊಂದನ್ನೂ ಇಬ್ಬರು ಹಿಡಿದು ಇಡಿಯಾಗಿ ಇಳಿಸ್ರಿ. ಮೇಲಿಂದ ಎಸೆದರೆ ಅಷ್ಟು ಹೊತ್ತು ನೀರು ಹೊಡೆದಿದ್ದು ದಂಡ.

ಕೊನೆಗೆ ಕಸಬರಿಗೆ ಬೇಡ, ಬ್ಲೋವರ್ ಬೇಡ, ಮನೆಯ ವ್ಯಾಕ್ಯೂಮ್ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಚೀಲಕ್ಕೆ ಹಾಕ್ರಿ. ಕವರ್‌ಆಲನ್ನು ಒಳಮಗ್ಗಲು ಹೊರಗಾಗುವಂತೆ ಸುರುಳಿ ಸುತ್ತಿ ತೆಗೆದು, ಮಾಸ್ಕನ್ನ ಎಲ್ಲದರ ಕೊನೆಗೆ ಬಿಚ್ರಿ. ಕೆಲಸದ ಬಟ್ಟೆ ಮನೆಗೆ ಒಯ್ದು ಹೆಂಡತಿ, ತಾಯಿ ಕೈಯಲ್ಲಿ ಜಾಡಿಸಿ ಒಗೆಸಬೇಡ್ರಿ. ಕಾರ್ಖಾನೆಯ ಮೆಟ್ಟಿಲನ್ನೇ ತುಳಿಯದ ಹೆಣ್ಣುಮಕ್ಕಳಿಗೆ ಮೆಸೊಥೆಲಿಯೋಮಾ ಬಂದಿರೋದು ಹೀಗೆ ಬಟ್ಟೆಯ ಧೂಳಿನಿಂದ.

[ದೃಶ್ಯ: ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಶೀಟುಗಳ ಕಟ್ಟು.]

ಇಳಿಸಿದ ಶೀಟನ್ನ 200 ಮೈಕ್ರಾನ್, ಅಂದರೆ ಅಂಗಡಿಯ ಭಾಷೆಯಲ್ಲಿ 800 ಗೇಜಿನ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ, ಮೇಲೆ "ಅಸ್ಬೆಸ್ಟಾಸ್, ಒಡೆಯಬೇಡಿ" ಅಂತ ಬರೀರಿ. ಪಾಲಿಕೆ ಅಥವಾ ಪಂಚಾಯಿತಿಗೆ, ಜೊತೆಗೆ ಜಿಲ್ಲೆಯ ಮಾಲಿನ್ಯ ನಿಯಂತ್ರಣ ಮಂಡಳಿ ಕಚೇರಿಗೆ ಲಿಖಿತವಾಗಿ ಕೇಳಿ, ಸ್ವೀಕೃತಿ ಇಟ್ಟುಕೊಳ್ರಿ. ಅಪಾಯಕಾರಿ ತ್ಯಾಜ್ಯ ಹೂಳೋ ವ್ಯವಸ್ಥೆ ಇರೋದು ದೂರದ ದಾಬಸ್‌ಪೇಟೆಯಲ್ಲಿ. ಒಂದು ಮನೆಯ ಹತ್ತು ಶೀಟಿಗೆ ಲಾರಿ ಖರ್ಚು ಗಿಟ್ಟೋದಿಲ್ಲ. ಓಣಿಯವರೆಲ್ಲಾ ಒಟ್ಟಾಗಿ ಕೇಳಿದರೆ ದಾರಿ ಸುಲಭ. ಅಲ್ಲಿತನಕ ಕಟ್ಟು ಬಿಚ್ಚದೆ ನೆರಳಲ್ಲಿ ಇಡ್ರಿ. ಪುಡಿ ಮಾಡಿ ರಸ್ತೆ ಗುಂಡಿಗೆ ತುಂಬೋದು, ತುಂಡುಗಳನ್ನ ಕೋಳಿಗೂಡಿಗೋ ಬಚ್ಚಲಿಗೋ ಹೊಂದಿಸೋದು, ಎರಡೂ ಬೇಡ.

ಹೊಸ ಮಾಡಿಗೆ ಬಣ್ಣದ ತಗಡು ಹಾಕೋರು ಒಂದು ಲೆಕ್ಕ ಮರೀಬಾರದು. ಹಳೇದು ಚದರ ಮೀಟರಿಗೆ ಸುಮಾರು 13.5 ಕೆ.ಜಿ., ಅರ್ಧ ಮಿಲಿಮೀಟರ್ ತಗಡು ನಾಲ್ಕೂವರೆ ಕೆ.ಜಿ.ಯ ಆಸುಪಾಸು. ತನ್ನ ತೂಕದಿಂದಲೇ ಕೂತಿದ್ದ ಮಾಡು ಈಗ ಹಗುರ. ಏಪ್ರಿಲ್-ಮೇ ತಿಂಗಳ ಗಾಳಿಮಳೆಗೆ ಅಂಚಿನಿಂದ ಎದ್ದು ಹಾರೋದು ಇದಕ್ಕೇ. ಸೂರಿನ ಅಂಚಿನಲ್ಲಿ ಸ್ಕ್ರೂ ಒತ್ತೊತ್ತಾಗಿ ಬೀಳಬೇಕು, ಪರ್ಲಿನ್ನನ್ನ ಗೋಡೆಗೆ ಬಿಗಿಯಾಗಿ ಕಟ್ಟಬೇಕು. ಬಿಸಿಲಿಗೆ ತಗಡು ಹೆಚ್ಚು ಕಾಯೋದರಿಂದ ಕೆಳಗೆ ಉಷ್ಣ ತಡೆಯೋ ಹಾಸು ಹಾಕಿಸ್ರಿ.

[ದೃಶ್ಯ: ಎದೆಯ ಎಕ್ಸ್‌ರೇ.]

ಈಗಾಗಲೇ ವರ್ಷಗಟ್ಟಲೆ ಈ ಕೆಲಸ ಮಾಡಿದ ಗೌಂಡಿಗಳು, ಫ್ಯಾಬ್ರಿಕೇಶನ್ನಿನವರು, ಬಾಯ್ಲರಿನ ಅಸ್ಬೆಸ್ಟಾಸ್ ಹಗ್ಗ ಬದಲಿಸಿದವರು, ಹಳೇ ಬ್ರೇಕ್ ಲೈನಿಂಗ್ ಉಜ್ಜಿದ ಮೆಕ್ಯಾನಿಕ್‌ಗಳು ನೋಡ್ತಿದ್ದರೆ ನಿಮಗೊಂದು ಮಾತು. ಕೆಮ್ಮು, ದಮ್ಮು ಅಂತ ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕಿಮ್ಸ್‌ಗೋ, ನಿಮ್ಮ ಜಿಲ್ಲಾಸ್ಪತ್ರೆಗೋ ಹೋದಾಗ ವೈದ್ಯರು ಮೊದಲು ಕ್ಷಯ ಇದೆಯಾ ನೋಡ್ತಾರೆ, ಅದು ಸರಿ. ಆದರೆ ನೀವು ಹೇಳದೆ ನಿಮ್ಮ ಕೆಲಸ ಅವರಿಗೆ ಗೊತ್ತಾಗೋದಿಲ್ಲ. ಎಷ್ಟು ವರ್ಷ, ಯಾವ ಕಾರ್ಖಾನೆ, ಎಂಥಾ ಕೆಲಸ ಅಂತ ಒಂದು ಹಾಳೆಯಲ್ಲಿ ಬರೆದು ಒಯ್ದು, ಕೇಸ್ ಪೇಪರಿನಲ್ಲಿ ಸೇರಿಸೋಕೆ ಹೇಳ್ರಿ. ಅಸ್ಬೆಸ್ಟಾಸಿನಿಂದ ಬಂದ ಶ್ವಾಸಕೋಶದ ಕ್ಯಾನ್ಸರ್, ಮೆಸೊಥೆಲಿಯೋಮಾ ಎರಡೂ ನೌಕರರ ಪರಿಹಾರದ ಕಾನೂನಿನಲ್ಲಿರೋ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿವೆ. ಪರಿಹಾರ ಕೇಳೋವಾಗ ಮೊದಲು ಕೇಳೋದು ಕೆಲಸದ ಪುರಾವೆ. ಹಾಜರಿ ಚೀಟಿ, ಇಎಸ್‌ಐ ಕಾರ್ಡು, ಪಿಎಫ್ ನಂಬರು, ಕಾರ್ಮಿಕ ಕಾರ್ಡು, ಹಳೇ ಎಕ್ಸ್‌ರೇ, ಯಾವುದನ್ನೂ ರದ್ದಿಗೆ ಹಾಕಬೇಡ್ರಿ.