ಆ ಅಮ್ಮ ಕೇಳಿದ್ದು ಬರೀ ಒಂದು ಪ್ರಶ್ನೆ

ನಮಸ್ಕಾರ, ಇವತ್ತು ದಡಾರದ ಬಗ್ಗೆ ಮಾತಾಡೋಣ ಅಂತ ಕೂತಿದೀನಿ, ಯಾಕೆ ಈ ಟಾಪಿಕ್ ಅಂದ್ರೆ ನಂಗೆ ಬಂದ ಒಂದು ವಾಯ್ಸ್ ನೋಟು. ನನ್ನ ಫ್ರೆಂಡ್ ಒಬ್ಳಿದಾಳೆ, ಮಗೂಗೆ ಈಗ ತಾನೇ ದಡಾರದ ಮೊದಲನೇ ಡೋಸ್ ಹಾಕಿಸೋ ವಯಸ್ಸು, ಹಾಕ್ಸೋಣ ಅಂತಾನೇ ಹೋಗಿದ್ಲು. ಹೋಗಿ ಡಾಕ್ಟ್ರ ಹತ್ರ ಒಂದೇ ಒಂದು ಮಾತು ಕೇಳಿದ್ಲಂತೆ, "ಸರ್, ಇದ್ರಲ್ಲಿ ಜೀವ ಇರೋ ವೈರಸ್ಸೇ ಇರುತ್ತೆ ಅಂತಾರಲ್ಲ, ಹಾಕಿದ್ಮೇಲೆ ಏನಾದ್ರೂ ಆಗುತ್ತಾ?" ಅಂತ. ಅದಕ್ಕೆ ಆ ಮನುಷ್ಯ, "ಓ ನೀವೂ ವಾಟ್ಸಾಪ್ ಓದ್ಕೊಂಡು ಬಂದ್ರಾ, ಮಗು ಚೆನ್ನಾಗಿರೋದು ಬೇಡ್ವಾ ನಿಮ್ಗೆ" ಅಂದ್ರಂತೆ. ಇವ್ಳು ಮಗು ಎತ್ಕೊಂಡು ಸೀದಾ ಮನೆಗೆ ಬಂದ್ಬಿಟ್ಲು, ಲಸಿಕೆ ಹಾಕಿಸದೇನೇ. ಮನೇಲಿ ಅವ್ರ ಅಜ್ಜಿ ಬೇರೆ, "ನಮ್ಗೆಲ್ಲ ಬಂದಿತ್ತು ಕಣೇ, ಒಂದು ವಾರ ಮಲಗಿ ಎದ್ವಿ, ಏನಾಯ್ತು ಈಗ?"

ಅಜ್ಜಿ ಮಾತಿಂದಾನೇ ಶುರು ಮಾಡ್ತೀನಿ, ಯಾಕಂದ್ರೆ ಅಜ್ಜಿ ಸುಳ್ಳು ಹೇಳ್ತಿಲ್ಲ. ಅವ್ರಿಗೆ ಬಂದಿತ್ತು, ಮಲಗಿದ್ರು, ಎದ್ರು. ಏಳದೇ ಇದ್ದೋರು ಇವತ್ತು ಕೂತು ಕಥೆ ಹೇಳಲ್ಲ ಅಷ್ಟೇ. 1963ರಲ್ಲಿ ಲಸಿಕೆ ಬಂತು, ಅದಕ್ಕಿಂತ ಮುಂಚೆ ಎರಡು ಮೂರು ವರ್ಷಕ್ಕೊಂದ್ಸಲ ದೊಡ್ಡ ಅಲೆ ಬರೋದು, ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 26 ಲಕ್ಷ ಜನ ಸಾಯ್ತಿದ್ರು ಅಂತ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕ ಹಾಕಿದೆ. 2023ರ ಅಂದಾಜು 1,07,500, ಅದ್ರಲ್ಲೂ ಜಾಸ್ತಿ ಐದು ವರ್ಷದ ಒಳಗಿನ ಮಕ್ಕಳೇ. 26 ಲಕ್ಷದಿಂದ ಒಂದು ಲಕ್ಷಕ್ಕೆ ಇಳಿದಿದ್ದೇ ನಮಗೆ ಒಂಥರಾ ಪ್ರಾಬ್ಲಮ್ ಆಗೋಗಿದೆ, ಖಾಯಿಲೆ ಕಣ್ಣಿಂದ ಮರೆಯಾಯ್ತು, ಸೂಜಿ ಮಾತ್ರ ಕಣ್ಣಿಗೆ ಕಾಣ್ತಿದೆ, ಅಳೋ ಮಗು ಕಾಣ್ತಿದೆ, ಸೋ ಭಯ ಹೋಗಿ ಸೂಜಿ ಮೇಲೆ ಕೂತಿದೆ.

ಈ ವೈರಸ್ ಹರಡೋ ಸ್ಪೀಡು ಹೇಳಿದ್ರೆ ನಂಬೋಕೇ ಕಷ್ಟ. ದಡಾರ ಇರೋ ಮಗು ಒಂದು ರೂಮಿಗೆ ಬಂದು ಕೆಮ್ಮಿ ಎದ್ದು ಹೋಯ್ತು ಅಂದ್ಕೊಳ್ಳಿ, ಆಮೇಲೂ ಎರಡು ಗಂಟೆ ತನಕ ಆ ಗಾಳೀಲಿ ವೈರಸ್ ಇರ್ಬಹುದು. ಇಮ್ಯುನಿಟಿ ಇಲ್ದೇ ಇರೋ ಹತ್ತು ಜನ ಅದರ ಹತ್ರ ಇದ್ರೆ ಒಂಬತ್ತು ಜನಕ್ಕೆ ಅಂಟುತ್ತೆ. ಇನ್ನೊಂದು ಏನಂದ್ರೆ ಮೈಮೇಲೆ ಗುಳ್ಳೆ ಏಳೋಕೆ ನಾಲ್ಕು ದಿನ ಮುಂಚೆಯಿಂದಾನೇ ಅದು ಹರಡೋಕೆ ಶುರು ಆಗಿರುತ್ತೆ, ಆಗ ನೋಡೋಕೆ ಬರೀ ನೆಗಡಿ ಕೆಮ್ಮು ಕಣ್ಣು ಕೆಂಪು ಅಷ್ಟೇ, ಯಾವ ಅಪ್ಪ ಅಮ್ಮ ತಾನೇ ನೆಗಡಿಗೆ ಮಗೂನ ಪ್ರತ್ಯೇಕ ಇಡ್ತಾರೆ ಹೇಳಿ. ಅದಕ್ಕೇ 95 ಪರ್ಸೆಂಟ್ ಮಕ್ಕಳಿಗೆ ಎರಡೂ ಡೋಸ್ ಆಗಿರ್ಬೇಕು ಅಂತ ಡಾಕ್ಟ್ರುಗಳು ಬಡ್ಕೊಳ್ಳೋದು.

ಆದ್ರೆ ಈ 95 ಅನ್ನೋದು ದೇಶದ ಸರಾಸರಿ ಆದ್ರೆ ಸಾಲಲ್ಲ, ಇದನ್ನ ಯಾರೂ ಸರಿಯಾಗಿ ಹೇಳಲ್ಲ. ವೈರಸ್ಸಿಗೆ ದೇಶದ ಸರಾಸರಿ ಗೊತ್ತಾಗಲ್ಲ, ಅದು ಒಂದು ಸ್ಕೂಲು, ಒಂದು ಕೇರಿ, ಒಂದು ಸಮುದಾಯ ಹುಡುಕುತ್ತೆ. ಅಮೆರಿಕಾ 2000ದಲ್ಲೇ ದಡಾರ ಹೋಯ್ತು ಅಂತ ಘೋಷಣೆ ಮಾಡ್ಕೊಂಡಿತ್ತು. 2025ರ ಜನವರೀಲಿ ಟೆಕ್ಸಾಸ್‌ನ ಗೇನ್ಸ್ ಕೌಂಟಿ ಅನ್ನೋ ಕಡೆ ಶುರು ಆಯ್ತು, ಅಲ್ಲಿ ಕಿಂಡರ್‌ಗಾರ್ಟನ್ ಮಕ್ಕಳಲ್ಲಿ ಲಸಿಕೆ ಆಗಿದ್ದು ಸುಮಾರು 82 ಪರ್ಸೆಂಟಿಗೆ. ಆಗಸ್ಟಲ್ಲಿ ಮುಗೀತು ಅಂತ ಹೇಳೋ ಹೊತ್ತಿಗೆ ಆ ಒಂದು ರಾಜ್ಯದಲ್ಲೇ 762 ಕೇಸು, ಇಬ್ಬರು ಮಕ್ಕಳು ತೀರ್ಕೊಂಡ್ರು, ಇಬ್ಬರಿಗೂ ಲಸಿಕೆ ಆಗಿರ್ಲಿಲ್ಲ, ಬೇರೆ ಖಾಯಿಲೆನೂ ಇರ್ಲಿಲ್ಲ. ಅದೇ ಟೈಮಲ್ಲಿ ವಿಟಮಿನ್ ಎ ಕೊಟ್ರೆ ಸಾಕು ಅಂತ ಯಾರೋ ಹಬ್ಬಿಸಿದ್ರು, ಅದು ಜಾಸ್ತಿ ಇರೋ ಕಾಡ್ ಲಿವರ್ ಆಯಿಲ್ ಅನ್ನೋ ಮೀನೆಣ್ಣೆ ಕುಡಿಸಿ ಕುಡಿಸಿ ಕೆಲವು ಮಕ್ಕಳು ಲಿವರ್ ತೊಂದ್ರೆ ಹಚ್ಕೊಂಡು ಆಸ್ಪತ್ರೆಗೆ ಬಂದ್ರು. ಮಜಾ ಏನಂದ್ರೆ, ಮಜಾ ಅನ್ಬಾರ್ದು, ದಡಾರ ಬಂದ ಮಗೂಗೆ ಡಾಕ್ಟ್ರೇ ವಿಟಮಿನ್ ಎ ಕೊಡ್ತಾರೆ, ಲೆಕ್ಕ ಹಾಕಿ ಎರಡು ದಿನ ಎರಡು ಡೋಸು. ಅರ್ಧ ಸತ್ಯ ಅಂದ್ರೆ ಇದೇ, ಪೂರ್ತಿ ಸುಳ್ಳಾಗಿದ್ರೆ ಜನ ಅಷ್ಟು ಬೇಗ ನಂಬ್ತಿರ್ಲಿಲ್ಲ.

ಇನ್ನು "ನ್ಯಾಚುರಲ್ ಇಮ್ಯುನಿಟಿನೇ ಬೆಸ್ಟು" ಅನ್ನೋರಿಗೆ. ಒಂದ್ಸಲ ಬಂದು ಹೋದ್ರೆ ಜೀವನಪೂರ್ತಿ ಮತ್ತೆ ಬರಲ್ಲ ಅನ್ನೋದು ನಿಜ, ಒಪ್ಕೋತೀನಿ. 1846ರಲ್ಲೇ ಪನುಮ್ ಅನ್ನೋ ಡೆನ್ಮಾರ್ಕಿನ ಯಂಗ್ ಡಾಕ್ಟರ್ ಫೆರೋ ದ್ವೀಪಗಳಿಗೆ ಹೋಗಿ ಇದನ್ನ ನೋಡಿ ಬರೆದಿಟ್ಟಿದಾನೆ, ಹತ್ರ ಹತ್ರ ಎಂಟು ಸಾವಿರ ಜನ ಇದ್ದ ಜಾಗದಲ್ಲಿ ಆರು ಸಾವಿರ ಜನಕ್ಕೆ ದಡಾರ ಬಂದ್ರೂ 1781ರಲ್ಲಿ ಚಿಕ್ಕವರಿದ್ದಾಗ ಬಂದಿದ್ದ ಮುದುಕರಿಗೆ ಮಾತ್ರ ಬರ್ಲಿಲ್ಲ, 65 ವರ್ಷ ಆದ್ಮೇಲೂ. ಆದ್ರೆ ಆ ಇಮ್ಯುನಿಟಿಗೆ ಏನು ಕೊಟ್ಟು ತಗೋತೀರಿ ಅನ್ನೋದು ಪ್ರಶ್ನೆ. 2019ರಲ್ಲಿ ಬಂದ ಒಂದು ಸ್ಟಡೀಲಿ ಲಸಿಕೆ ಆಗದೇ ಇದ್ದ ನೆದರ್‌ಲ್ಯಾಂಡ್ಸ್ ಮಕ್ಕಳ ರಕ್ತ ದಡಾರಕ್ಕೆ ಮುಂಚೆ ಒಂದ್ಸಲ, ಆಮೇಲೆ ಒಂದ್ಸಲ ತಗೊಂಡು ನೋಡಿದ್ರು, ಬೇರೆ ಬೇರೆ ಖಾಯಿಲೆಗಳ ವಿರುದ್ಧ ಮೈಯಲ್ಲಿ ಅಲ್ಲೀವರೆಗೂ ಕೂಡಿಟ್ಟಿದ್ದ ಆಂಟಿಬಾಡಿಗಳಲ್ಲಿ 11ರಿಂದ 73 ಪರ್ಸೆಂಟ್ ತನಕ ಅಳಿಸಿ ಹೋಗಿತ್ತು. ಅಂದ್ರೆ ದಡಾರ ತನ್ನ ವಿರುದ್ಧ ಮಾತ್ರ ಪಾಠ ಕಲ್ಸಿ, ಹಳೇ ಪಾಠ ಎಲ್ಲ ಒರೆಸಿ ಹೋಗುತ್ತೆ. ಅಜ್ಜಿ ಕಾಲದಲ್ಲಿ ಮಗು ದಡಾರದಿಂದ ಎದ್ದು ಆರು ತಿಂಗಳಿಗೆ ನ್ಯುಮೋನಿಯಾದಲ್ಲಿ ಹೋದ್ರೆ ಅದನ್ನ ಯಾರು ದಡಾರದ ಲೆಕ್ಕಕ್ಕೆ ಬರೀತಿದ್ರು? ಎಸ್‌ಎಸ್‌ಪಿಇ ಅಂತ ಇನ್ನೊಂದಿದೆ, ಅಪರೂಪ, ಆದ್ರೆ ದಡಾರ ವಾಸಿಯಾಗಿ ಏಳೆಂಟು ವರ್ಷ ಆದ್ಮೇಲೆ ಮಿದುಳಲ್ಲಿ ಅಡಗಿದ್ದ ವೈರಸ್ ಎದ್ದೇಳುತ್ತೆ, ಅದಕ್ಕೆ ವಾಸಿ ಮಾಡೋ ಔಷಧಿ ಇಲ್ಲ. ಅದರ ಬಗ್ಗೆ ಜಾಸ್ತಿ ಹೇಳಲ್ಲ, ನಂಗೇ ಓದೋಕಾಗ್ಲಿಲ್ಲ.

ಆಟಿಸಂ ವಿಷ್ಯ ಬೇಗ ಮುಗಿಸ್ತೀನಿ ಯಾಕಂದ್ರೆ ಅದು ಮುಗಿದ ಕಥೆ. 1998ರಲ್ಲಿ ಆಂಡ್ರ್ಯೂ ವೇಕ್‌ಫೀಲ್ಡ್ ಅನ್ನೋ ಡಾಕ್ಟರು ಬರೀ 12 ಮಕ್ಕಳನ್ನ ಇಟ್ಕೊಂಡು ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಈ ಲಸಿಕೆಗೂ ಆಟಿಸಮ್ಮಿಗೂ ಸಂಬಂಧ ಇರ್ಬಹುದು ಅಂತ ಒಂದು ಪೇಪರ್ ಬರೆದ, ಲಸಿಕೆ ಕಂಪನಿಗಳ ಮೇಲೆ ಕೇಸ್ ಹಾಕ್ತಿದ್ದ ಲಾಯರ್ ಕಡೆಯಿಂದ ಅವನಿಗೆ ದುಡ್ಡು ಬರ್ತಿತ್ತು ಅಂತ ಆಮೇಲೆ ಹೊರಗೆ ಬಂತು, 2010ರಲ್ಲಿ ಪತ್ರಿಕೆ ಆ ಪೇಪರ್ ವಾಪಸ್ ತಗೊಂತು, ಅದೇ ವರ್ಷ ಬ್ರಿಟನ್ನಿನಲ್ಲಿ ಅವನ ಡಾಕ್ಟರಿಕೆ ರಿಜಿಸ್ಟ್ರೇಷನ್ನೂ ಹೋಯ್ತು. ಆಮೇಲೆ ಡೆನ್ಮಾರ್ಕಲ್ಲಿ 6,57,461 ಮಕ್ಕಳನ್ನ ವರ್ಷಗಟ್ಟಲೆ ಫಾಲೋ ಮಾಡಿ 2019ರಲ್ಲಿ ರಿಪೋರ್ಟ್ ಬಂತು, ಲಸಿಕೆಗೂ ಆಟಿಸಮ್ಮಿಗೂ ಏನೂ ಸಂಬಂಧ ಸಿಗ್ಲಿಲ್ಲ. 12 ಮಕ್ಕಳ ಕಥೆ ಎಲ್ರಿಗೂ ಗೊತ್ತು, ಆರೂವರೆ ಲಕ್ಷದ್ದು ಗೊತ್ತಿಲ್ಲ.

ಈಗ ನಾನು ಹೇಳ್ಬೇಕು ಅಂದ್ಕೊಂಡಿದ್ದ ಜಾಗಕ್ಕೆ ಬಂದೆ. ಸಮೋವಾ. ಪೆಸಿಫಿಕ್ ಸಮುದ್ರದಲ್ಲಿ ಪುಟ್ಟ ದೇಶ, ಒಟ್ಟು ಎರಡು ಲಕ್ಷ ಜನ. 2018ರ ಜುಲೈನಲ್ಲಿ ಅಲ್ಲಿ ಒಂದು ವರ್ಷದ ಎರಡು ಮಕ್ಕಳು ಲಸಿಕೆ ಹಾಕಿದ ಸ್ವಲ್ಪ ಹೊತ್ತಲ್ಲೇ ಸತ್ತೋದ್ವು. ಈ ಲಸಿಕೆ ಪುಡಿ ರೂಪದಲ್ಲಿ ಬರುತ್ತೆ, ಅದಕ್ಕೆ ಅಂತಾನೇ ಇರೋ ನೀರು ಬೆರೆಸಿ ಕೊಡ್ಬೇಕು, ಅಲ್ಲಿ ನರ್ಸು ನೀರಿನ ಬದಲು ಆಪರೇಷನ್ನಲ್ಲಿ ಬಳಸೋ, ಸ್ನಾಯು ಸಡಿಲ ಮಾಡೋ ಔಷಧಿ ಬೆರೆಸಿಬಿಟ್ಟಿದ್ರು. ಲಸಿಕೇದು ಏನೂ ತಪ್ಪಿಲ್ಲ, ಬೆರೆಸಿದ ಕೈಯ ತಪ್ಪು, ಇಬ್ಬರು ನರ್ಸುಗಳು ತಪ್ಪೊಪ್ಕೊಂಡು ಐದೈದು ವರ್ಷ ಜೈಲಿಗೂ ಹೋದ್ರು. ಆದ್ರೆ ಸರ್ಕಾರ ಏನ್ಮಾಡ್ತು, ದೇಶದಲ್ಲೆಲ್ಲ ಆ ಲಸಿಕೇನೇ ತಿಂಗಳುಗಟ್ಟಲೆ ನಿಲ್ಲಿಸಿಬಿಡ್ತು. ನಿಲ್ಲಿಸಿದ್ಮೇಲೆ ಜನ ಏನಂದ್ಕೋತಾರೆ? ಸರ್ಕಾರಾನೇ ನಿಲ್ಸಿದೆ ಅಂದ್ರೆ ಏನೋ ಇದೆ ಅಂತಾನೇ. ಲಸಿಕೆ ಪ್ರಮಾಣ ಮೂರಕ್ಕೆ ಒಂದು ಭಾಗದ ಹತ್ರ ಬಿತ್ತು, ಆ ಖಾಲಿ ಜಾಗಕ್ಕೆ ಹೊರಗಿನ ಲಸಿಕೆ ವಿರೋಧಿಗಳು, ಒಳಗಿನ ನಾಟಿ ವೈದ್ಯರು ಎಲ್ಲ ಬಂದು ಕೂತ್ರು. 2019ರ ಕೊನೇಲಿ ದಡಾರ ಬಂತು, 5,700ಕ್ಕಿಂತ ಜಾಸ್ತಿ ಕೇಸು, 83 ಸಾವು, ಹೆಚ್ಚುಕಮ್ಮಿ ಎಲ್ಲ ಪುಟ್ಟ ಮಕ್ಕಳು. ಡಿಸೆಂಬರಲ್ಲಿ ಎರಡು ದಿನ ಸರ್ಕಾರಿ ಕೆಲಸ ಎಲ್ಲ ಬಂದ್ ಮಾಡಿ, ಲಸಿಕೆ ಆಗದೇ ಇರೋರ ಮನೆ ಮುಂದೆ ಕೆಂಪು ಬಟ್ಟೆ ಕಟ್ಟಿ ಅಂದ್ರು, ಟೀಮ್‌ಗಳು ಕೆಂಪು ಬಟ್ಟೆ ನೋಡ್ಕೊಂಡು ಮನೆ ಮನೆಗೆ ಹೋದ್ವು. ಜನ ಬಟ್ಟೆ ಕಟ್ಟಿದ್ರು ಅನ್ನೋದು ನಂಗೆ ಮುಖ್ಯ. ನಿನ್ನೆ ತನಕ ಹೆದರಿಕೊಂಡಿದ್ದ ಅಮ್ಮಂದಿರೇ, ಬಂದು ಹಾಕಿ ಅಂತ ಬಾಗಿಲಿಗೆ ಕಟ್ಟಿದ್ರು. ಅವ್ರು ಮೂಢರಾಗಿದ್ರೆ ಒಂದು ವಾರದಲ್ಲಿ ಬದಲಾಗ್ತಿದ್ರಾ? ಎರಡು ಮಕ್ಕಳು ಯಾಕೆ ಸತ್ವು ಅಂತ ಯಾರಾದ್ರೂ ಮೊದಲನೇ ವಾರಾನೇ ಪ್ರತಿ ಮನೇಲಿ ಕೂತು ಹೇಳಿದ್ರೆ ಏನಾಗ್ತಿತ್ತೋ ಅಂತ ನಾನು ಸುಮಾರು ಸಲ ಯೋಚ್ನೆ ಮಾಡಿದೀನಿ.

ಡಾಕ್ಟ್ರುಗಳಿಗೆ ಕೋಪ ಬರೋದು ನಂಗೆ ಅರ್ಥ ಆಗುತ್ತೆ, ದಿನಕ್ಕೆ ನೂರು ಪೇಷಂಟು, ಅದರ ಮಧ್ಯೆ ಯಾರೋ ರೀಲ್ಸ್ ತೋರ್ಸಿ ವಾದ ಮಾಡ್ತಾರೆ. ಆದ್ರೆ ರೀಲ್ಸ್ ಮಾಡಿ ದುಡ್ಡು ಮಾಡೋನು ಬೇರೆ, ಅದನ್ನ ನೋಡಿ ರಾತ್ರಿ ನಿದ್ದೆ ಇಲ್ದೇ ಬಂದು ಕೇಳೋ ಅಮ್ಮ ಬೇರೆ. ಮೊದಲನೆಯವನಿಗೆ ನಾನೂ ಬೈತೀನಿ. ಎರಡನೆಯವಳಿಗೆ ಉತ್ತರ ಇದೆ ಕಣ್ರೀ, ಕೊಡೋಕೆ ಎರಡು ನಿಮಿಷ ಸಾಕು. ಹೌದಮ್ಮ, ಇದು ಜೀವ ಇರೋ ವೈರಸ್ಸೇ, ಶಕ್ತಿ ಕುಂದಿಸಿ ಕೊಡ್ತೀವಿ, ಅದಕ್ಕೇ ಗರ್ಭಿಣಿಯರಿಗೆ, ಇಮ್ಯುನಿಟಿ ತೀರಾ ಕಮ್ಮಿ ಇರೋರಿಗೆ ಕೊಡಲ್ಲ. ಹಾಕಿ ಒಂದು ವಾರದಿಂದ ಹನ್ನೆರಡು ದಿನದೊಳಗೆ ಜ್ವರ ಬರ್ಬಹುದು, ಸಣ್ಣ ಗುಳ್ಳೆ ಬರ್ಬಹುದು. ಮೂರು ನಾಲ್ಕು ಸಾವಿರ ಮಕ್ಕಳಲ್ಲಿ ಒಬ್ಬರಿಗೆ ಜ್ವರಕ್ಕೆ ಫಿಟ್ಸ್ ಬರುತ್ತೆ, ನೋಡೋಕೆ ಭಯ ಆಗುತ್ತೆ, ಆದ್ರೆ ಮಗು ಸರಿ ಹೋಗುತ್ತೆ. ದಡಾರಾನೇ ಬಂದ್ರೆ ಸಾವಿರದಲ್ಲಿ ಒಬ್ಬರಿಗೆ ಮಿದುಳಿಗೆ ಬಾವು ಬರುತ್ತೆ. ಇಷ್ಟೇ. ಸೈಡ್ ಎಫೆಕ್ಟ್ ಏನೂ ಇಲ್ವೇ ಇಲ್ಲ ಅಂತ ಹೇಳಿ ಕಳ್ಸಿದ್ರೆ ಎಂಟನೇ ದಿನ ಜ್ವರ ಬಂದಾಗ ಆ ಅಮ್ಮನ ಕಣ್ಣಲ್ಲಿ ನೀವು ಸುಳ್ಳುಗಾರರು, ಎರಡನೇ ಡೋಸಿಗೆ ಅವ್ಳು ಬರಲ್ಲ.

ಕಡ್ಡಾಯ ಮಾಡ್ಬೇಕಾ ಅಂತ ಕೇಳ್ತೀರಾ, ಸ್ಕೂಲಿಗೆ ಸೇರ್ಸೋವಾಗ ಕೇಳೋದ್ರಲ್ಲಿ ನಂಗೇನೂ ತಪ್ಪು ಕಾಣಲ್ಲ, ಯಾಕಂದ್ರೆ ಪಕ್ಕದ ಬೆಂಚಲ್ಲಿ ಕ್ಯಾನ್ಸರ್ ಟ್ರೀಟ್‌ಮೆಂಟ್ ತಗೋತಿರೋ ಮಗು ಇರ್ಬಹುದು, ಅದಕ್ಕೆ ಲಸಿಕೆ ಹಾಕೋಕಾಗಲ್ಲ. ಆದ್ರೆ ಕ್ಯಾಲಿಫೋರ್ನಿಯಾದಲ್ಲಿ 2015ರಲ್ಲಿ ಸ್ವಂತ ನಂಬಿಕೆ ಹೆಸರಲ್ಲಿ ಕೊಡೋ ವಿನಾಯ್ತಿ ತೆಗೆದ್ರು, ಲಸಿಕೆ ಏನೋ ಜಾಸ್ತಿ ಆಯ್ತು, ಜೊತೆಗೆ ವೈದ್ಯಕೀಯ ವಿನಾಯ್ತಿ ಕೇಳೋರೂ ಜಾಸ್ತಿ ಆದ್ರು, 2019ರಲ್ಲಿ ಅದಕ್ಕೆ ಇನ್ನೊಂದು ಕಾನೂನು ತರ್ಬೇಕಾಯ್ತು. ಕಾನೂನು ಮಗೂನ ಕ್ಯೂಗೆ ತರುತ್ತೆ, ಅಮ್ಮನ ತಲೇಲಿರೋ ಪ್ರಶ್ನೇನ ತೆಗೆಯಲ್ಲ.

ಇನ್ನೊಂದು ವಿಷ್ಯ, ಟಿವಿ ಚರ್ಚೆ ಕೇಳಿದ್ರೆ ಲಸಿಕೆ ಆಗದೇ ಇರೋ ಮಕ್ಕಳೆಲ್ಲ ವಿರೋಧಿಗಳ ಮಕ್ಕಳು ಅನ್ಸುತ್ತೆ. 2023ರಲ್ಲಿ ಮೊದಲನೇ ಡೋಸೇ ಸಿಗದೇ ಇದ್ದ ಮಕ್ಕಳು ಪ್ರಪಂಚದಲ್ಲಿ ಸುಮಾರು 2 ಕೋಟಿ 20 ಲಕ್ಷ. ಅವ್ರಲ್ಲಿ ಎಷ್ಟೋ ಜನ ಯುದ್ಧ ನಡೀತಿರೋ, ರಸ್ತೆ ಇಲ್ದಿರೋ, ಫ್ರಿಜ್ಜಿಗೆ ಕರೆಂಟ್ ಇಲ್ದಿರೋ ಜಾಗದವ್ರು, ಅವ್ರಮ್ಮಂದಿರು ಯಾವ ರೀಲ್ಸೂ ನೋಡಿಲ್ಲ. ಸಲೀಸಾಗಿ ಹೋಗಿ ಬರೋ ಜಾಗದಲ್ಲೂ ಒಂದು ಸಣ್ಣ ತೊಡಕಿದೆ, ಹತ್ತು ಡೋಸಿನ ವೈಲ್, ಅಂದ್ರೆ ಲಸಿಕೆಯ ಪುಟ್ಟ ಬಾಟ್ಲಿ. ಒಂದ್ಸಲ ಬೆರೆಸಿದ್ರೆ ಆರು ಗಂಟೆ ಒಳಗೆ ಮುಗಿಸ್ಬೇಕು, ಉಳಿದಿದ್ದು ಎಸೀಬೇಕು. ವೇಸ್ಟ್ ಆದ್ರೆ ಮೇಲಿನವ್ರಿಗೆ ಲೆಕ್ಕ ಕೊಡ್ಬೇಕು, ಸೋ ಒಂದೇ ಮಗು ಬಂದ್ರೆ "ಇವತ್ತು ಬೇಡ, ಇನ್ನೊಂದಿನ ಬನ್ನಿ" ಅಂತಾರೆ. ಒಂಬತ್ತು ಡೋಸ್ ಹಾಳಾದ್ರೂ ಪರ್ವಾಗಿಲ್ಲ ಒಡೀರಿ ಅನ್ನೋದು ನನ್ನ ಅಭಿಪ್ರಾಯ, ಕೂಲಿ ಬಿಟ್ಟು ಬಂದ ಅಮ್ಮ ಇನ್ನೊಂದಿನ ಬರ್ತಾಳೆ ಅಂತ ಏನು ಗ್ಯಾರಂಟಿ?

ನನ್ನ ಫ್ರೆಂಡಿಗೂ ಇದೇ ಆಯ್ತು ನೋಡಿ. ನಾನು ಹೇಳಿದ್ಮೇಲೆ ಬೇರೆ ಕಡೆ ಹೋದ್ಲು, ಅಲ್ಲಿ ಮಗು ಒಂದೇ ಅಂತ ವಾಪಸ್ ಕಳ್ಸಿದ್ರು, ಬುಧವಾರ ಬನ್ನಿ ಅಂದ್ರು. ಬುಧವಾರ ಹೋದ್ಲು, ಪುಣ್ಯಕ್ಕೆ. ಅವತ್ತಿದ್ದ ನರ್ಸಮ್ಮ ಸೂಜಿ ಹಾಕೋಕೆ ಮುಂಚೆ ಪಕ್ಕದಲ್ಲಿ ಕೂರ್ಸ್ಕೊಂಡು, ಇವತ್ತು ನಾಳೆ ಏನೂ ಆಗಲ್ಲ, ಮುಂದಿನ ವಾರ ಮೈ ಬಿಸಿ ಆದ್ರೆ ಗಾಬರಿ ಆಗ್ಬೇಡ, ಜಾಸ್ತಿ ಅನ್ಸಿದ್ರೆ ಕರ್ಕೊಂಡು ಬಾ ಅಂತ ಹೇಳಿ, ಒಂದು ಚೀಟೀಲಿ ಬರೆದೂ ಕೊಟ್ರಂತೆ. ಒಂಬತ್ತನೇ ದಿನ ರಾತ್ರಿ ಹನ್ನೊಂದೂವರೆಗೆ ನಂಗೆ ಮೆಸೇಜ್ ಬಂತು, ಥರ್ಮಾಮೀಟರ್ ಫೋಟೋ, 100.8, ಕೆಳಗೆ "ಬಂತು ನೋಡು ನರ್ಸಮ್ಮ ಹೇಳಿದ ಜ್ವರ, ಹಾಲು ಕುಡೀತಿದಾನೆ, ಮಲಗ್ತೀವಿ, ಗುಡ್ ನೈಟ್" ಅಂತ.