ಕೆಸುವಿನೆಲೆ, ಕಾಯಿಹಾಲು, ಕಾದ ಕಲ್ಲು

ಕೇಳುಗರಿಗೆ ನಮಸ್ಕಾರ.

ಮಿಷನರಿ ಎಂದ ಕೂಡಲೇ ಹಾಸನದ ಕಡೆಯವರಿಗೆ ನೆನಪಾಗುವುದು ಶೆಟ್ಟಿಹಳ್ಳಿಯ ಚರ್ಚು. 1860ರ ದಶಕದಲ್ಲಿ ಫ್ರೆಂಚ್ ಪಾದ್ರಿಗಳು ಕಟ್ಟಿಸಿದ್ದು, ಈಗ ಹೇಮಾವತಿ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಮೇಲೇಳುತ್ತದೆ. ಅಲ್ಲಿಗೆ ಬಂದವರು ನೆಲೆ ನಿಂತ ಹಿರಿಯರು. ಇವತ್ತಿನ ಮಾತು ಹದಿನೆಂಟು, ಹತ್ತೊಂಬತ್ತರ ಮಕ್ಕಳದ್ದು. ಮಾರ್ಮನ್ನರು ಎಂದು ಲೋಕ ಕರೆಯುವ ಲ್ಯಾಟರ್-ಡೇ ಸೇಂಟ್ಸ್ ಎಂಬ ಕ್ರೈಸ್ತ ಪಂಗಡದಲ್ಲಿ ಹುಡುಗರು ಎರಡು ವರ್ಷ, ಹುಡುಗಿಯರು 18 ತಿಂಗಳು ಊರು ಬಿಟ್ಟು ಮಿಷನರಿ ಸೇವೆಗೆ ಹೋಗುತ್ತಾರೆ. ಸಂಬಳವಿಲ್ಲ, ಖರ್ಚು ಬಹುಪಾಲು ಅವರದ್ದೋ ಮನೆಯವರದ್ದೋ. ಹಾಗೆ ಪೆಸಿಫಿಕ್ ಸಮುದ್ರದ ಸಮೋವಾಕ್ಕೆ ಹೋದ ಹುಡುಗನ ವಾರ ಹೇಗಿರುತ್ತದೆ ನೋಡೋಣ. ಸಮೋವಾ ಯಾಕೆಂದರೆ, ಅಲ್ಲಿನ ಹಿತ್ತಲು ನಮ್ಮ ಮಲೆನಾಡಿನ ಹಿತ್ತಲೇ. ಕೆಸು, ತೆಂಗು, ಬಾಳೆ, ದೀವಿಹಲಸು ಎಲ್ಲ ಇವೆ.

ಅಲ್ಲಿಗೆ ಕ್ರೈಸ್ತ ಧರ್ಮ ಹೊಸದಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ವಿಲಿಯಮ್ಸ್ 1830ರಲ್ಲಿ ಅಲ್ಲಿಗೆ ಹೋದರು. ಅದೇ ಸೊಸೈಟಿಯ ಜಾನ್ ಹ್ಯಾಂಡ್ಸ್ ಅದಕ್ಕೂ ಇಪ್ಪತ್ತು ವರ್ಷ ಮೊದಲೇ, 1810ರಲ್ಲಿ, ನಮ್ಮ ಬಳ್ಳಾರಿಗೆ ಬಂದಿದ್ದರು. ಹಾಗಾಗಿ ಹುಡುಗ ಹೇಳುವ ಪ್ರಾರ್ಥನೆ ಅಲ್ಲಿನವರಿಗೆ ಗೊತ್ತಿರುವುದೇ. ಅವನು ಹೇಗೆ ಕೂರುತ್ತಾನೆ, ಹೇಗೆ ಉಣ್ಣುತ್ತಾನೆ, ಕೈ ಕೆಸರು ಮಾಡಿಕೊಳ್ಳುತ್ತಾನೋ ಇಲ್ಲವೋ ಎಂಬುದನ್ನೇ ಅವರು ಮೊದಲು ನೋಡುವುದು.

ಸೋಮವಾರ ಬಿಡುವು. ಬಟ್ಟೆ ಒಗೆಯುವುದು, ಅಂಗಡಿ ಸಾಮಾನು, ಕ್ಷೌರ, ಮನೆಗೊಂದು ಫೋನು. 2019ರ ಫೆಬ್ರವರಿಗೆ ಮೊದಲು ಫೋನು ವರ್ಷಕ್ಕೆ ಎರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ಅಮ್ಮಂದಿರ ದಿನಕ್ಕೆ. ಈಗ ವಾರವಾರವೂ ಮಾಡಬಹುದು. ಸಮೋವಾದ ಗಡಿಯಾರ ನಮ್ಮದಕ್ಕಿಂತ ಏಳೂವರೆ ಗಂಟೆ ಮುಂದೆ. ಸಕಲೇಶಪುರದ ಹುಡುಗನೊಬ್ಬ ಅಲ್ಲಿದ್ದರೆ, ಮಧ್ಯಾಹ್ನ 3 ಗಂಟೆಗೆ ಫೋನ್ ಮಾಡಬೇಕು. ಇಲ್ಲಿ ಬೆಳಿಗ್ಗೆ 7.30, ಕಾಫಿ ಹೊತ್ತು. ಅಲ್ಲಿನ ಬೆಳಿಗ್ಗೆ ಹತ್ತಕ್ಕೆ ಮಾಡಿದನೋ, ಇಲ್ಲಿ ರಾತ್ರಿ ಎರಡೂವರೆ. ಅಮ್ಮ ಏನಾಯಿತೋ ಎಂದು ಎದೆ ಹಿಡಿದುಕೊಂಡು ಏಳುತ್ತಾಳೆ.

ಮಂಗಳವಾರದಿಂದ ಕೆಲಸ. ಯಾವಾಗಲೂ ಇಬ್ಬಿಬ್ಬರು ಜೊತೆಗೆ. ಒಂಟಿಯಾಗಿ ಎಲ್ಲಿಗೂ ಹೋಗುವಂತಿಲ್ಲ. ಬಿಳಿ ಅಂಗಿ, ಟೈ, ಕೆಳಗೆ ಪ್ಯಾಂಟಿನ ಬದಲು ಜೇಬಿರುವ ಪಂಚೆಯಂಥ ಕಪ್ಪು ಉಡುಪು. ಭಾಷೆಯಲ್ಲಿ ಕನ್ನಡದವರಿಗೆ ಒಂದು ಅನುಕೂಲವಿದೆ. ಸಮೋವಾದವರು ಇಂಗ್ಲಿಷಿನ ‘ಜಿ’ ಅಕ್ಷರದಲ್ಲಿ ಬರೆಯುವುದನ್ನು ಓದುವುದು ‘ಙ’ ಎಂದು. ಹೊರಗಿನವನಿಗೆ ಅವರ ಮಾತು ‘ಪಾಲಙಿ’. ‘ಪಾಲಗಿ’ ಎಂದರೆ ತಪ್ಪು. ಒಂದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿ ಮರೆತುಬಿಟ್ಟ ಙ ಅಲ್ಲಿ ದಿನವೂ ಬೇಕಾಗುತ್ತದೆ.

ಸೇವೆ ಎಂದರೆ ಹೆಚ್ಚಾಗಿ ಕೆಸುವಿನ ತೋಟ. ಊರ ಯಜಮಾನರನ್ನು ಕೇಳದೆ ತೋಟಕ್ಕೆ ಇಳಿಯಬಾರದು. ಅದು ಜ್ವಾಲಾಮುಖಿಯ ಕಲ್ಲುನೆಲ, ಗುದ್ದಲಿ ಇಳಿಯುವುದಿಲ್ಲ. ತುದಿ ಚೂಪು ಮಾಡಿದ ಆಳೆತ್ತರದ ಕೋಲನ್ನು ಕಲ್ಲುಗಳ ಸಂದಿಗೆ ಹೊಡೆದು, ಅಲ್ಲಾಡಿಸಿ ಗುಳಿ ಅಗಲ ಮಾಡಿ, ಗೆಡ್ಡೆಯ ತಲೆಯ ಜೊತೆ ಕತ್ತರಿಸಿಟ್ಟ ದಂಟನ್ನು ಇಳಿಬಿಡುತ್ತಾರೆ. ಗಿಡದಿಂದ ಗಿಡಕ್ಕೆ ಸುಮಾರು ಒಂದು ಮೀಟರ್. ಬುಡ ಅಲುಗದಷ್ಟು ಮಣ್ಣನ್ನು ಕಾಲಿನಲ್ಲಿ ಒತ್ತಿದರೆ ಸಾಕು. 1993ರಲ್ಲಿ ಎಲೆ ಅಂಗಮಾರಿ ಬಂದು ಆ ದೇಶದ ಕೆಸುವಿನ ಬೆಳೆಯನ್ನೇ ನೆಲ ಕಚ್ಚಿಸಿತ್ತು. ಕಾರಣ ಫೈಟೊಫ್ತೊರಾ, ನಮ್ಮ ಅಡಿಕೆಯ ಕೊಳೆಗೂ ಮೆಣಸಿನ ಸೊರಗಿಗೂ ಕಾರಣವಾದ ಅದೇ ಕುಲದ ರೋಗಾಣು. ಬೋರ್ಡೋ ದ್ರಾವಣ ಹೊಡೆದು ಬಲ್ಲ ಮನೆಯ ಹುಡುಗನಿಗೆ ಅವರ ಆ ನಷ್ಟವನ್ನು ಬಿಡಿಸಿ ಹೇಳಬೇಕಿಲ್ಲ.

ಸಂಜೆಗೆ ‘ಸಾ’, ಅಂದರೆ ಊರಿಗೆಲ್ಲ ಪ್ರಾರ್ಥನೆಯ ಹೊತ್ತು. ಅನೇಕ ಹಳ್ಳಿಗಳಲ್ಲಿ ಶಂಖ ಊದುತ್ತಾರೆ, ಇಲ್ಲವೇ ಗಂಟೆ ಹೊಡೆಯುತ್ತಾರೆ. ಮೊದಲ ಸದ್ದಿಗೆ ಮನೆ ಸೇರಬೇಕು, ಎರಡನೆಯದಕ್ಕೆ ಪ್ರಾರ್ಥನೆ ಶುರು, ಮೂರನೆಯದಕ್ಕೆ ಮುಗಿಯಿತು. ಹತ್ತಿಪ್ಪತ್ತು ನಿಮಿಷ, ಅಷ್ಟೇ. ಆ ಹೊತ್ತಿನಲ್ಲಿ ದಾರಿಯಲ್ಲಿ ಸಿಕ್ಕಿಬಿದ್ದರೆ ಅಲ್ಲೇ ಸುಮ್ಮನೆ ಕೂರಬೇಕು. ತಡವಾಯಿತೆಂದು ಬಿರಬಿರನೆ ನಡೆಯುವುದೇ ಹೊಸಬರು ಮಾಡುವ ದೊಡ್ಡ ತಪ್ಪು.

ಅವರ ಸಾಂಪ್ರದಾಯಿಕ ಮನೆಗೆ ಗೋಡೆಯಿಲ್ಲ, ಕಂಬಗಳು ಮಾತ್ರ. ಯಾವ ಕಂಬಕ್ಕೆ ಯಾರು ಒರಗಬೇಕು ಎಂಬುದು ಮನೆತನದ ಅಂತಸ್ತಿನಿಂದ ಬಂದದ್ದು, ಆದ್ದರಿಂದ ತೋರಿಸುವವರೆಗೆ ಕೂರಬಾರದು. ಕೂತ ಮೇಲೆ ಚಕ್ಕಳಮಕ್ಕಳ. ಕಾಲು ಜೋಮು ಹಿಡಿದು ಚಾಚಲೇಬೇಕಾದರೆ ಮೇಲೊಂದು ಚಾಪೆ ಎಳೆದುಕೊಳ್ಳಬೇಕು. ಕೂತವರ ಮುಂದೆ ಹಾದುಹೋಗುವಾಗ ಬೆನ್ನು ಬಾಗಿಸಿ ‘ತುಲೋ’ ಎನ್ನಬೇಕು. ಹಿರಿಯರ ಹತ್ತಿರ ನಿಂತು ಮಾತಾಡುವಂತಿಲ್ಲ.

ಇನ್ನು ಉಮು, ಅಂದರೆ ಕಲ್ಲಿನ ಒಲೆ. ಭಾನುವಾರದ ಊಟವೆಲ್ಲ ಇದರಲ್ಲೇ. ಇದು ಗಂಡುಹುಡುಗರ ಕೆಲಸ, ನಸುಕಿಗೇ ಏಳಬೇಕು. ಗುಳಿ ತೋಡುವುದಿಲ್ಲ, ನೆಲದ ಮೇಲೆಯೇ ಕಾಯಿಮಟ್ಟೆ, ಕರಟ, ಒಣ ಸೌದೆ ಜೋಡಿಸಿ, ಮೇಲೆ ಮುಷ್ಟಿಗಿಂತ ದೊಡ್ಡ ಕರಿಕಲ್ಲು ಪೇರಿಸಿ ಬೆಂಕಿ ಹಾಕುತ್ತಾರೆ. ಹೊಳೆಯಿಂದ ತಂದ ಹಸಿ ಕಲ್ಲು ಬೇಡವೇ ಬೇಡ. ಒಳಗಿನ ತೇವ ಆವಿಯಾಗಿ ಕಲ್ಲು ಸಿಡಿದು ಕಣ್ಣಿಗೆ ಬೀಳುತ್ತದೆ. ಸುಮಾರು ಒಂದು ಗಂಟೆ ಉರಿದು, ಮಸಿ ಸುಟ್ಟು ಕಲ್ಲು ಬೆಳ್ಳಗಾದಾಗ, ಉಳಿದ ಕೊಳ್ಳಿಗಳನ್ನು ಒಂದೂ ಬಿಡದೆ ಎಳೆದು ಹಾಕಬೇಕು. ಒಂದು ಕೊಳ್ಳಿ ಉಳಿದರೂ ಊಟವೆಲ್ಲ ಹೊಗೆ ನಾತ. ಆಮೇಲೆ ಇಕ್ಕಳದಿಂದ ಕಲ್ಲು ಸಮನಾಗಿ ಹರಡಿ, ಕೆಸುವಿನ ಗೆಡ್ಡೆ, ಬಾಳೆಕಾಯಿ, ದೀವಿಹಲಸು ನೇರ ಕಲ್ಲಿನ ಮೇಲೆ. ಮೀನು, ಮಾಂಸ ಎಲೆಯಲ್ಲಿ ಸುತ್ತಿ ಅದರ ಮೇಲೆ.

ಎಲ್ಲಕ್ಕಿಂತ ಮೇಲೆ ಪಾಲುಸಾಮಿ. ಪತ್ರೊಡೆ ತಿಂದು ಬೆಳೆದವರು ಇದನ್ನು ಗಮನವಿಟ್ಟು ಕೇಳಬೇಕು. ನಾಲ್ಕೈದು ಎಳೆ ಕೆಸುವಿನೆಲೆಗಳನ್ನು ಒಂದರ ಮೇಲೊಂದು ಅಂಗೈಯಲ್ಲಿ ಬಟ್ಟಲಿನಂತೆ ಮಡಿಸಿ ಹಿಡಿದು, ಹೆಚ್ಚಿದ ಈರುಳ್ಳಿ, ಉಪ್ಪು, ಅರ್ಧ ಬಟ್ಟಲು ಕಾಯಿಹಾಲು ಹಾಕಿ, ಅಂಚು ಕೂಡಿಸಿ, ಬೆಂಕಿಗೆ ಬಾಡಿಸಿದ ಬಾಳೆಎಲೆಯಲ್ಲಿ ಕಟ್ಟಿ, ಹೊರಗೆ ದೀವಿಹಲಸಿನ ಎಲೆ ಸುತ್ತುತ್ತಾರೆ. ಬಾಳೆಎಲೆ ಬಾಡಿಸದಿದ್ದರೆ ಮಡಿಕೆಯಲ್ಲಿ ಸೀಳಿ ಹಾಲೆಲ್ಲ ಕಲ್ಲಿನ ಪಾಲು. ಹಾಲಿಗೆ ನೀರು ಬೆರೆಸಬಾರದು, ಒಡೆದು ತೆಳ್ಳಗಾಗುತ್ತದೆ. ಮಣೆಯ ಮೇಲೆ ಕೂತು ಬಲಿತ ಕಾಯಿ ತುರಿದು ಹಿಂಡಬೇಕು. 20 ಪೊಟ್ಟಣಕ್ಕೆ ಹತ್ತು ಹನ್ನೆರಡು ಕಾಯಿಯಾದರೂ ಬೇಕು.

ಬಲಿತ ಎಲೆ ಹಾಕಿದರೋ, ಅರೆಬೆಂದಿತೋ, ಗಂಟಲು ಕೆರೆತ ತಪ್ಪಿದ್ದಲ್ಲ. ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿವೆ. ನಾವು ಹುಣಸೆಹುಳಿ ಹಾಕಿ ಆ ಕೆರೆತ ಕಳೆಯುತ್ತೇವೆ. ಪಾಲುಸಾಮಿಗೆ ಹುಳಿ ಹಾಕುವುದಿಲ್ಲ, ಎಳೆ ಎಲೆ ಆರಿಸಿ ಚೆನ್ನಾಗಿ ಬೇಯಿಸುವುದೇ ಅದರ ಮದ್ದು. ಹಾಗಾಗಿ ಬಾಳೆಎಲೆ, ದೀವಿಹಲಸಿನ ಎಲೆಗಳನ್ನು ಹಬೆ ಹೊರಬಾರದಂತೆ ಪದರ ಪದರವಾಗಿ ಮುಚ್ಚಿ ಒಂದು ಗಂಟೆಯಾದರೂ ಬಿಡಬೇಕು. ನಡುವೆ ಎತ್ತಿ ನೋಡಿದರೆ ಹಬೆ ಹೋಯಿತು. ಮತ್ತೆ ಕಾಯಿಸಲು ಕೆಳಗೆ ಬೆಂಕಿಯಿಲ್ಲ.

ಚರ್ಚು ಮುಗಿಸಿ ಬಂದ ಮೇಲೆ ಊಟ. ಮೊದಲು ಹಿರಿಯರು ಮತ್ತು ಅತಿಥಿಗಳು. ಒಲೆ ಮುಂದೆ ಬೆಂದ ಹುಡುಗರು, ಮಕ್ಕಳು ಬೀಸಣಿಗೆ ಹಿಡಿದು ನೊಣ ಓಡಿಸುತ್ತ ಕೂರುತ್ತಾರೆ. ಮುಂದಿಟ್ಟದ್ದನ್ನೆಲ್ಲ ತಿಂದು ತಟ್ಟೆ ಖಾಲಿ ಮಾಡುವುದೇ ಮರ್ಯಾದೆ ಎಂದುಕೊಂಡು ಹೊಸ ಮಿಷನರಿ ತಪ್ಪುವುದು ಇಲ್ಲೇ. ತಟ್ಟೆಯಲ್ಲಿ ಉಳಿದದ್ದು ಆ ಮಕ್ಕಳ ಊಟ. ಪ್ರತಿಯೊಂದರಲ್ಲೂ ಒಂದು ತುತ್ತು ರುಚಿ ನೋಡಿ, ಪಾಲುಸಾಮಿ ಒಂದು ಸಾಕು, ಎರಡನೆಯದನ್ನು ಬಿಚ್ಚದೆ ಬಿಡಬೇಕು.

ನಮಸ್ಕಾರ.