ಹೂಡಿನಿಯ ಆಸ್ತಿ, ರ‍್ಯಾಂಡಿಯ ಪಾಲು

ಮಾನ್ಯ ಅಧ್ಯಕ್ಷರೇ, ಹಿರಿಯರೇ, ಸ್ನೇಹಿತರೇ,

ಅಕ್ಟೋಬರ್ ತಿಂಗಳ ಕೊನೆಯ ವಾರದಲ್ಲಿ ಈ ಉಪನ್ಯಾಸವನ್ನು ಇಟ್ಟುಕೊಂಡದ್ದು ಸಂಘಟಕರ ಅನುಕೂಲಕ್ಕಾಗಿ ಇರಬಹುದು. ನನ್ನ ವಿಷಯಕ್ಕಂತೂ ಇದಕ್ಕಿಂತ ಒಳ್ಳೆಯ ವಾರ ಸಿಗುವುದಿಲ್ಲ. ಕೈಕೋಳ, ಸರಪಳಿಗಳಿಂದ ಬಿಡಿಸಿಕೊಳ್ಳುವುದಕ್ಕೆ ಹೆಸರಾದ ಜಾದೂಗಾರ ಹ್ಯಾರಿ ಹೂಡಿನಿ ತೀರಿಕೊಂಡದ್ದು 1926ರ ಅಕ್ಟೋಬರ್ 31ರಂದು, ಡೆಟ್ರಾಯಿಟ್ ನಗರದ ಆಸ್ಪತ್ರೆಯೊಂದರಲ್ಲಿ. ಪವಾಡಗಳ ಮೋಸವನ್ನು ಬಯಲು ಮಾಡಿದ ಜಾದೂಗಾರ ಜೇಮ್ಸ್ ರ‍್ಯಾಂಡಿ ತೀರಿಕೊಂಡದ್ದು 2020ರ ಅಕ್ಟೋಬರ್ 20ರಂದು, ಫ್ಲಾರಿಡಾದಲ್ಲಿ, ತನ್ನ 92ನೆಯ ವಯಸ್ಸಿನಲ್ಲಿ. ಮೊದಲನೆಯವನು ಹೋಗಿ ಎರಡು ವರ್ಷವಾಗುವ ಹೊತ್ತಿಗೆ ಎರಡನೆಯವನು ಟೊರಾಂಟೊದಲ್ಲಿ ಹುಟ್ಟಿದ. ಇಬ್ಬರೂ ಮುಖಾಮುಖಿಯಾಗುವ ಪ್ರಶ್ನೆಯೇ ಇರಲಿಲ್ಲ. ಸತ್ತವರನ್ನು ಕರೆಸಿ ಮಾತಾಡಿಸುತ್ತೇವೆ ಎನ್ನುವವರ ಮಾತು ನಿಜವಾಗಿದ್ದರೆ ಭೇಟಿ ಆಗಬಹುದಿತ್ತೇನೋ. ಆ ಮಾತು ಸುಳ್ಳೆಂದು ಜೀವನವಿಡೀ ಹೋರಾಡಿದವರು ಇವರೇ ಆದ್ದರಿಂದ ಆ ದಾರಿಯೂ ಮುಚ್ಚಿತ್ತು.

ಹೂಡಿನಿಯ ಕೈಕೋಳ, ಸರಪಳಿ, ಹಾಲಿನ ಕ್ಯಾನು, ನೀರಿನ ಪೆಟ್ಟಿಗೆಗಳ ಕಥೆ ಈ ಸಭೆಗೆ ಹೊಸದಲ್ಲ. ನಾನು ಕೇಳಬೇಕೆಂದಿರುವ ಪ್ರಶ್ನೆ ಬೇರೆ: ಆತನ ಆಸ್ತಿ ಯಾರಿಗೆ ಹೋಯಿತು? ಕಾಗದಪತ್ರದ ಲೆಕ್ಕದಲ್ಲಿ ಉತ್ತರ ಸುಲಭ. ಆತನ ದೊಡ್ಡ ಪುಸ್ತಕ ಸಂಗ್ರಹ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿಗೆ ಸೇರಿತು. ಪ್ರದರ್ಶನದ ಸಾಮಗ್ರಿ ತಮ್ಮನಾದ ಹಾರ್ಡೀನನಿಗೆ ಬಂತು, ಆತನೂ ಜಾದೂಗಾರನೇ. ಅವನ ನಂತರ ಅದನ್ನೆಲ್ಲ ಸುಟ್ಟುಹಾಕಬೇಕೆಂದು ಅಣ್ಣನ ಇಚ್ಛೆಯಿತ್ತು ಎನ್ನುತ್ತಾರೆ. ಸುಡಲಿಲ್ಲ, ಕೈಯಿಂದ ಕೈಗೆ ದಾಟಿಸಿದರು. ತಲೆಕೆಳಗಾಗಿ ಇಳಿಸುತ್ತಿದ್ದ ಆ ಪ್ರಸಿದ್ಧ ನೀರಿನ ಪೆಟ್ಟಿಗೆ ನಯಾಗರದ ವಸ್ತುಸಂಗ್ರಹಾಲಯದಲ್ಲಿದ್ದಾಗ 1995ರ ಬೆಂಕಿಗೆ ಸಿಕ್ಕಿತು, ಮತ್ತೆ ರಿಪೇರಿಯಾಯಿತು, 2004ರಲ್ಲಿ ಲಾಸ್ ವೆಗಾಸ್‌ನ ಹರಾಜಿನಲ್ಲಿ ಜಾದೂಗಾರ ಡೇವಿಡ್ ಕಾಪರ್‌ಫೀಲ್ಡ್ ಪಾಲಾಯಿತು. ಅಲ್ಲಿಗೆ ಕಟ್ಟಿಗೆ, ಗಾಜು, ಹಿತ್ತಾಳೆಯ ಲೆಕ್ಕ ಮುಗಿಯಿತು.

ಇನ್ನೊಂದು ಬಗೆಯ ವಾರಸುದಾರರಿದ್ದಾರೆ, ಅವರು ಹೂಡಿನಿಯಿಂದ ಅಪಾಯವನ್ನು ಮಾತ್ರ ತೆಗೆದುಕೊಂಡವರು. 2019ರ ಜೂನ್‌ನಲ್ಲಿ ಕೋಲ್ಕತ್ತದಲ್ಲಿ ಚಂಚಲ್ ಲಾಹಿರಿ ಎಂಬ ಜಾದೂಗಾರ ಕೈಕಾಲಿಗೆ ಸರಪಳಿ, ಬೀಗ ಹಾಕಿಸಿಕೊಂಡು ಹೂಗ್ಲಿ ನದಿಗೆ ಇಳಿದು ಮೇಲೆ ಬರಲೇ ಇಲ್ಲ. ಮರುದಿನ ಶವ ಸಿಕ್ಕಿತು. ಪತ್ರಿಕೆಗಳೆಲ್ಲ ಹೂಡಿನಿಯ ಹೆಸರನ್ನು ಜೋಡಿಸಿಯೇ ಆ ಸುದ್ದಿಯನ್ನು ಬರೆದವು. ಆ ಮನುಷ್ಯನ ಧೈರ್ಯದ ಬಗ್ಗೆ ಹಗುರವಾಗಿ ಮಾತಾಡಲಾರೆ. ಆದರೆ ಹೂಡಿನಿಯ ಪರಂಪರೆಯೆಂದರೆ ಸಾವಿನ ಜೊತೆ ಜೂಜಾಡುವುದು ಎಂಬ ತಿಳಿವಳಿಕೆಯನ್ನು ನಾನು ಒಪ್ಪುವುದಿಲ್ಲ. ಮೂರನೆಯ ಗುಂಪೂ ಒಂದಿದೆ. ಅವರು ಪ್ರತಿವರ್ಷ ಅಕ್ಟೋಬರ್ 31ರ ರಾತ್ರಿ ದೀಪ ಆರಿಸಿ ಕುಳಿತು ಹೂಡಿನಿಯ ಆತ್ಮವನ್ನು ಕರೆಯುತ್ತಾರೆ. ಆತನ ಹೆಂಡತಿ ಬೆಸ್ 1936ರವರೆಗೆ ಹತ್ತು ವರ್ಷ ಹೀಗೆ ಕಾದಳು, ಗಂಡಹೆಂಡಿರ ನಡುವೆ ಗೊತ್ತಾಗಿದ್ದ ಸಂಕೇತದ ಮಾತು ಬರಲಿಲ್ಲ, ಯಾವ ಗಂಡಸಿಗಾದರೂ ಹತ್ತು ವರ್ಷ ಕಾದದ್ದು ಸಾಕು ಎಂದು ಎದ್ದುಹೋದಳು. ಆ ಹೆಂಗಸಿಗೆ ಇದ್ದ ವಿವೇಕ ಇಂದಿಗೂ ಕುಳಿತಿರುವವರಿಗೆ ಬಂದಿಲ್ಲ.

ನಾನು ಹೇಳಹೊರಟಿರುವ ವಾರಸುದಾರ ರ‍್ಯಾಂಡಿ. ಅದಕ್ಕೆ ಒಂದು ಶವಪೆಟ್ಟಿಗೆಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

1926ರ ಬೇಸಿಗೆಯಲ್ಲಿ ರಹಮಾನ್ ಬೇ ಎಂಬಾತ ಈಜಿಪ್ಟಿನ ಫಕೀರನೆಂದು ಹೇಳಿಕೊಂಡು ನ್ಯೂಯಾರ್ಕಿಗೆ ಬಂದಿದ್ದ. ತಾನು ಸಮಾಧಿ ಸ್ಥಿತಿಗೆ ಹೋಗಬಲ್ಲೆ, ಆಗ ಉಸಿರಾಟವೇ ಬೇಡ ಎಂಬುದು ಅವನ ಹೇಳಿಕೆ. ಅದನ್ನು ತೋರಿಸಲು ಲೋಹದ ಪೆಟ್ಟಿಗೆಯೊಳಗೆ ಮಲಗಿ, ಹೋಟೆಲೊಂದರ ಈಜುಕೊಳದಲ್ಲಿ ಅದನ್ನು ಮುಳುಗಿಸಿ, ಒಂದು ಗಂಟೆ ಒಳಗಿದ್ದು ಬಂದ. ಅಷ್ಟು ಗಾಳಿಯಲ್ಲಿ ಮನುಷ್ಯ ಕೆಲವೇ ನಿಮಿಷ ಬದುಕಬಲ್ಲ ಎಂದು ತಿಳಿದವರೇ ಹೇಳುತ್ತಿದ್ದ ಕಾಲ ಅದು. ಊರೆಲ್ಲ ದಿಗ್ಭ್ರಮೆಗೊಂಡಿತು. ಇಲ್ಲಿ ಹೂಡಿನಿಗೆ ಎರಡು ದಾರಿಗಳಿದ್ದವು. ಪತ್ರಿಕೆಗೆ ಒಂದು ಲೇಖನ ಬರೆದು ಇದು ಮೋಸ ಎಂದು ಸಾರಿಬಿಡಬಹುದಿತ್ತು. ನಾವು ವಿಚಾರವಾದಿಗಳು ಸಾಮಾನ್ಯವಾಗಿ ಮಾಡುವುದು ಅದನ್ನೇ, ಕ್ಷಮಿಸಿ. ಆತ ಹಾಗೆ ಮಾಡಲಿಲ್ಲ. ತಾನೇ ಒಂದು ಪೆಟ್ಟಿಗೆ ಮಾಡಿಸಿ, ಗುಟ್ಟಾಗಿ ಅಭ್ಯಾಸ ಮಾಡಿ, ಆಗಸ್ಟ್ 5ರಂದು ಶೆಲ್ಟನ್ ಹೋಟೆಲಿನ ಈಜುಕೊಳಕ್ಕೆ ಪತ್ರಕರ್ತರನ್ನೂ ವೈದ್ಯರನ್ನೂ ಕರೆಸಿದ. ಮುಚ್ಚಳ ಬೆಸುಗೆಯಾಯಿತು, ಪೆಟ್ಟಿಗೆ ನೀರಿಗಿಳಿಯಿತು. ಮೇಲೆ ನಿಂತವರು ಒಂದು ಗಂಟೆಯ ನಂತರ ಬರುತ್ತಾನೆಂದು ನೋಡಿದರು. ಒಂದು ಗಂಟೆ ದಾಟಿತು. ಒಂದೂವರೆ ಗಂಟೆಯಾದ ಮೇಲೆ ಹೊರಗೆ ತೆಗೆದಾಗ ಬೆವರಿ, ಬಿಳಿಚಿಕೊಂಡು, ಬಸವಳಿದಿದ್ದ, ಆದರೆ ಬದುಕಿದ್ದ. ವಯಸ್ಸು 52.

ಕಥೆಯ ತಿರುಳಿರುವುದು ಆಮೇಲೆ ಆತ ಆಡಿದ ಮಾತಿನಲ್ಲಿ. ಸಮಾಧಿಯೂ ಇಲ್ಲ, ಸಿದ್ಧಿಯೂ ಇಲ್ಲ. ಗಾಬರಿಯಾಗದೆ, ಅಲುಗಾಡದೆ, ಮೇಲುಸಿರಿನಲ್ಲಿ ಸಣ್ಣದಾಗಿ ಉಸಿರಾಡಿದರೆ ಸಾಕು, ಯಾರು ಬೇಕಾದರೂ ಕಲಿಯಬಹುದು ಎಂದ. ಗಣಿ ಕುಸಿದು ಒಳಗೆ ಸಿಕ್ಕಿಬಿದ್ದ ಕಾರ್ಮಿಕರಿಗೆ ಪ್ರಯೋಜನವಾದೀತೆಂದು ತನ್ನ ಅನುಭವದ ವಿವರಗಳನ್ನು ಅಮೆರಿಕದ ಗಣಿ ಇಲಾಖೆಯ ವೈದ್ಯರೊಬ್ಬರಿಗೆ ಬರೆದು ಕಳಿಸಿದ. ತನ್ನ ವೃತ್ತಿಯ ಗುಟ್ಟೊಂದನ್ನು ಹೀಗೆ ಸಾರ್ವಜನಿಕರಿಗೆ ಒಪ್ಪಿಸಿದ ಜಾದೂಗಾರರು ಎಷ್ಟು ಜನರಿದ್ದಾರೆ? ಮೂರು ತಿಂಗಳೂ ತುಂಬುವ ಮೊದಲೇ ಆತ ಇಲ್ಲವಾದ.

ಈಗ 1956ರ ಫೆಬ್ರವರಿ 7ಕ್ಕೆ ಬನ್ನಿ. ಅಮೆರಿಕದ ಬೆಳಗಿನ ದೂರದರ್ಶನ ಕಾರ್ಯಕ್ರಮವೊಂದಕ್ಕಾಗಿ ರ‍್ಯಾಂಡಿ ಎಂಬ ಯುವಕ ಅಂಥದ್ದೇ ಮುಚ್ಚಿದ ಲೋಹದ ಪೆಟ್ಟಿಗೆಯಲ್ಲಿ ಹೋಟೆಲಿನ ಈಜುಕೊಳದೊಳಗೆ 104 ನಿಮಿಷ ಕಳೆದ. ಹೂಡಿನಿಯ ದಾಖಲೆ ಮುರಿಯಿತೆಂದು ಎಲ್ಲರೂ ಹೇಳಿದರು. ಅವನು ಮಾತ್ರ ಒಂದು ಮಾತನ್ನು ನೆನಪಿಸಿದ: ಹೂಡಿನಿ ಇದನ್ನು ಮಾಡಿದಾಗ ನನಗಿಂತ ಎಷ್ಟೋ ದೊಡ್ಡವನಾಗಿದ್ದ. ಆಗ ರ‍್ಯಾಂಡಿಗೆ 27 ವರ್ಷ. ದಾಖಲೆ ಮುರಿದವನೇ ಮುಂದೆ ಬಂದು ದಾಖಲೆಯ ತೂಕವನ್ನು ಇಳಿಸುವುದು ನನ್ನ ಮಟ್ಟಿಗೆ ಆ 104 ನಿಮಿಷಕ್ಕಿಂತ ದೊಡ್ಡ ಪ್ರದರ್ಶನ. ಹೂಡಿನಿ ಪೆಟ್ಟಿಗೆಯಿಂದ ಎದ್ದು ಬಂದು ಇದರಲ್ಲಿ ಏನೂ ಅದ್ಭುತವಿಲ್ಲ ಎಂದ. ರ‍್ಯಾಂಡಿ ಎದ್ದು ಬಂದು ನನ್ನಲ್ಲಿ ಏನೂ ಅದ್ಭುತವಿಲ್ಲ ಎಂದ. ಆ ನೀರಿನ ಪೆಟ್ಟಿಗೆ ಕಾಪರ್‌ಫೀಲ್ಡ್ ಬಳಿ ಇರಲಿ. ಈ ಗುಣ ಬಂದದ್ದು ಇವನಿಗೆ.

ಆಮೇಲೂ ರ‍್ಯಾಂಡಿ ಹೂಡಿನಿಯ ದಾರಿಯಲ್ಲಿ ನಡೆದದ್ದುಂಟು. ಕೈಗಳನ್ನು ಕಟ್ಟಿಹಾಕುವ ‘ಸ್ಟ್ರೇಟ್ ಜಾಕೆಟ್’ ಅಂಗಿ ತೊಟ್ಟು ನಯಾಗರ ಜಲಪಾತದ ಮೇಲೆ ತಲೆಕೆಳಗಾಗಿ ನೇತಾಡಿ ಬಿಡಿಸಿಕೊಂಡ. ಸಹಲೇಖಕನೊಬ್ಬನ ಜೊತೆ ಸೇರಿ ಹೂಡಿನಿಯ ಜೀವನಚರಿತ್ರೆಯನ್ನೂ ಬರೆದ. ಅವನ್ನು ಇಷ್ಟಕ್ಕೇ ಬಿಟ್ಟು, ಈ ಸಭೆಯ ಕೆಲವರು ಈಗಾಗಲೇ ನನ್ನಿಂದ ಹಲವು ಸಲ ಕೇಳಿರುವ ವಾದಕ್ಕೆ ಬರುತ್ತೇನೆ. ಪವಾಡವನ್ನು ಪರೀಕ್ಷಿಸಲು ವಿಜ್ಞಾನಿ ಒಬ್ಬನೇ ಸಾಲದು, ಪಕ್ಕದಲ್ಲಿ ಜಾದೂಗಾರ ಇರಲೇಬೇಕು. ಹಾವಿನ ಹೆಜ್ಜೆಯನ್ನು ಹಾವೇ ಬಲ್ಲುದು.

1924ರ ಬೋಸ್ಟನ್ನಿನಲ್ಲಿ ಇದು ಸಾಬೀತಾಯಿತು. ಪ್ರೇತಶಕ್ತಿಯನ್ನು ಪ್ರಮಾಣೀಕರಿಸಿ ತೋರಿಸಿದವರಿಗೆ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆ 2500 ಡಾಲರ್ ಬಹುಮಾನ ಇಟ್ಟಿತ್ತು. ಪರೀಕ್ಷಕರ ಸಮಿತಿಯಲ್ಲಿ ವಿದ್ವಾಂಸರೂ ಇದ್ದರು, ಹೂಡಿನಿಯೂ ಇದ್ದ. ಮಾರ್ಜರಿ ಎಂಬ ಹೆಸರಿನಿಂದ ಪ್ರಸಿದ್ಧಳಾದ, ವೈದ್ಯರೊಬ್ಬರ ಪತ್ನಿ ಬಹುಮಾನದ ಹತ್ತಿರಕ್ಕೆ ಬಂದಿದ್ದಳು. ಕತ್ತಲೆಯಲ್ಲಿ ಅವಳ ಕೈಕಾಲುಗಳನ್ನು ಅಕ್ಕಪಕ್ಕದವರು ಮುಟ್ಟಿಕೊಂಡೇ ಕುಳಿತಿರುತ್ತಿದ್ದರು, ಆದರೂ ಪೆಟ್ಟಿಗೆಯೊಳಗಿನ ಗಂಟೆ ಬಾರಿಸುತ್ತಿತ್ತು. ಹೂಡಿನಿ ಏನು ಮಾಡಿದನೆಂದರೆ, ಕೂಟಕ್ಕೆ ಹೋಗುವ ದಿನ ಬೆಳಗಿನಿಂದಲೇ ಮೊಣಕಾಲಿನ ಕೆಳಗೆ ರಬ್ಬರ್ ಪಟ್ಟಿಯನ್ನು ಬಿಗಿದುಕೊಂಡ. ಸಂಜೆಗೆ ಆ ಜಾಗ ಊದಿ, ಕೂದಲೆಳೆ ತಾಗಿದರೂ ನೋಯುವಂತಾಗಿತ್ತು. ಕತ್ತಲಲ್ಲಿ ಪ್ಯಾಂಟನ್ನು ಮೇಲಕ್ಕೆ ಸರಿಸಿ ಕುಳಿತ. ಮಾರ್ಜರಿಯ ಕಾಲು ಇಂಚಿಂಚಾಗಿ ಗಂಟೆಯ ಪೆಟ್ಟಿಗೆಯತ್ತ ಜರುಗಿದ್ದು ಅವನ ಚರ್ಮಕ್ಕೆ ತಿಳಿಯಿತು. ಇದನ್ನು ಯಾವ ವಿಶ್ವವಿದ್ಯಾನಿಲಯದಲ್ಲಿ ಕಲಿಸುತ್ತಾರೆ? ನಿಸರ್ಗ ಕಠಿಣವಾಗಿರಬಹುದು, ಆದರೆ ಮೋಸ ಮಾಡುವುದಿಲ್ಲ. ಆದ್ದರಿಂದ ಪ್ರಯೋಗಾಲಯದಲ್ಲಿ ಬೆಳೆದವನಿಗೆ ಮೋಸ ನಿರೀಕ್ಷಿಸುವ ಅಭ್ಯಾಸವೇ ಇರುವುದಿಲ್ಲ.

ನ್ಯಾಯಕ್ಕಾಗಿ ಇನ್ನೊಂದನ್ನೂ ಹೇಳಬೇಕು. ಮುಂದಿನ ಪರೀಕ್ಷೆಯಲ್ಲಿ ಮಾರ್ಜರಿಯನ್ನು ಕೂರಿಸಿದ ಪೆಟ್ಟಿಗೆಯೊಳಗೆ ಮಡಚುವ ಅಳತೆಪಟ್ಟಿಯೊಂದು ಸಿಕ್ಕಿತು. ಅವಳೇ ಗಂಟೆ ಬಾರಿಸಲು ತಂದಳೆಂದು ಹೂಡಿನಿಯೂ, ಹೂಡಿನಿಯ ಕಡೆಯವರೇ ಇಟ್ಟರೆಂದು ಅವಳ ಕಡೆಯವರೂ ಕೂಗಾಡಿದರು. ಆ ಜಗಳ ಇಂದಿಗೂ ತೀರಿಲ್ಲ. ಹೂಡಿನಿಯನ್ನು ಪೂಜಿಸುವವರು ಈ ಪುಟವನ್ನು ಹಾರಿಸುತ್ತಾರೆ. ನಾನು ಹಾರಿಸುವುದಿಲ್ಲ, ಏಕೆಂದರೆ ಮೋಸ ಹಿಡಿಯುವವನ ಕೈಯನ್ನೂ ಯಾರಾದರೂ ನೋಡುತ್ತಿರಬೇಕು. ಇನ್ನು ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲ್ ಇದ್ದಾರಲ್ಲ, ಅವರಂತೂ ಹೂಡಿನಿಗೇ ದೈವಿಕ ಶಕ್ತಿಯಿದೆ, ಅದನ್ನು ಬಚ್ಚಿಟ್ಟುಕೊಂಡು ಜಾದೂ ಎಂದು ಸುಳ್ಳು ಹೇಳುತ್ತಾನೆ ಎಂದು ನಂಬಿದ್ದರು. ಇಲ್ಲ ಎಂದು ಹೂಡಿನಿ ಎಷ್ಟು ಹೇಳಿದರೂ ಒಪ್ಪಲಿಲ್ಲ. ನಮ್ಮೂರುಗಳಲ್ಲಿ ‘ಪವಾಡ ಬಯಲು’ ಕಾರ್ಯಕ್ರಮ ಮುಗಿದ ಮೇಲೆ ಕಾರ್ಯಕರ್ತನಿಗೇ ಅಡ್ಡಬಿದ್ದು ಮಗುವಿಗೆ ತಾಯಿತ ಕೇಳಿದವರನ್ನು ನೀವೂ ಕಂಡಿರುತ್ತೀರಿ.

ರ‍್ಯಾಂಡಿ ಈ ಕೆಲಸವನ್ನು ಎಲ್ಲಿಗೆ ಒಯ್ದನೆಂಬುದಕ್ಕೆ ಒಂದೇ ಪ್ರಸಂಗವನ್ನು ಪೂರ್ತಿ ಹೇಳುತ್ತೇನೆ. 1979ರಲ್ಲಿ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾನಿಲಯಕ್ಕೆ ಅತೀಂದ್ರಿಯ ಶಕ್ತಿಯ ಸಂಶೋಧನೆಗಾಗಿ ಐದು ಲಕ್ಷ ಡಾಲರ್ ದೇಣಿಗೆ ಬಂತು. ಪ್ರಯೋಗಾಲಯದ ಮುಖ್ಯಸ್ಥರು ಭೌತವಿಜ್ಞಾನದ ಪ್ರಾಧ್ಯಾಪಕರು. ರ‍್ಯಾಂಡಿ ಅವರಿಗೆ ಪತ್ರ ಬರೆದು, ಮೋಸ ಹೋಗದಿರಲು ಪಾಲಿಸಬೇಕಾದ ಹನ್ನೊಂದು ಎಚ್ಚರಿಕೆಗಳನ್ನು ಪಟ್ಟಿಮಾಡಿ, ನಾನೇ ಬಂದು ಸಹಾಯ ಮಾಡುತ್ತೇನೆ ಎಂದ. ಅವರು ಆ ಸಹಾಯವನ್ನು ಪಡೆಯಲಿಲ್ಲ. ಅಲ್ಲಿಗೆ ಅತೀಂದ್ರಿಯ ಶಕ್ತಿಯುಳ್ಳವರೆಂದು ಹೇಳಿಕೊಂಡು ಬಂದ ಸ್ಟೀವ್ ಶಾ, ಮೈಕೆಲ್ ಎಡ್ವರ್ಡ್ಸ್ ಎಂಬ ಇಬ್ಬರು ಹದಿಹರೆಯದ ಹುಡುಗರು ರ‍್ಯಾಂಡಿಯ ಜೊತೆ ಮೊದಲೇ ಮಾತಾಡಿಕೊಂಡಿದ್ದ ಜಾದೂಗಾರರಾಗಿದ್ದರು. ಮನಸ್ಸಿನ ಬಲದಿಂದ ಬಾಗಿಸಬೇಕಾದ ಚಮಚಗಳಿಗೆ ಪ್ರಯೋಗಾಲಯದವರು ಗುರುತಿನ ಚೀಟಿ ಕಟ್ಟಿ ಅಳತೆ ತೆಗೆದಿಡುತ್ತಿದ್ದರು. ಹುಡುಗರು ಚೀಟಿಗಳನ್ನೇ ಅದಲುಬದಲು ಮಾಡಿಬಿಡುತ್ತಿದ್ದರು, ಮತ್ತೆ ಅಳೆದಾಗ ಚಮಚ ಬಾಗಿದ ಲೆಕ್ಕ ಸಿಗುತ್ತಿತ್ತು. ನೀವು ಮೋಸ ಮಾಡುತ್ತಿದ್ದೀರಾ ಎಂದು ನೇರವಾಗಿ ಕೇಳಿದರೆ ಹೌದು ಎಂದು ಒಪ್ಪಿಕೊಳ್ಳಬೇಕೆಂದು ರ‍್ಯಾಂಡಿ ಹುಡುಗರಿಗೆ ತಾಕೀತು ಮಾಡಿದ್ದ. ಯಾರೂ ಕೇಳಲಿಲ್ಲ. 1983ರಲ್ಲಿ ರ‍್ಯಾಂಡಿ ಎಲ್ಲವನ್ನೂ ಬಹಿರಂಗಪಡಿಸಿದ. ಪ್ರಾಮಾಣಿಕ ಸಂಶೋಧಕರನ್ನು ಹೀಗೆ ಬಲೆಗೆ ಕೆಡವುವುದು ಸರಿಯೇ ಎಂದು ಆಗಲೇ ಆಕ್ಷೇಪ ಬಂತು, ಆ ಆಕ್ಷೇಪದಲ್ಲಿ ಹುರುಳಿದೆ. ನನ್ನ ಸಮಾಧಾನ ಇಷ್ಟೆ: ಕೀಲಿಕೈಯನ್ನು ಅವನು ಮೊದಲೇ ಅಂಚೆಯಲ್ಲಿ ಕಳಿಸಿದ್ದ.

ಅಧ್ಯಕ್ಷರು ಗಡಿಯಾರವನ್ನು ಎರಡನೆಯ ಸಲ ನೋಡಿದರು. ಮನಸ್ಸಿನ ಬಲದಿಂದ ಚಮಚ ಬಾಗಿಸುತ್ತೇನೆ ಎನ್ನುತ್ತಿದ್ದ ಯೂರಿ ಗೆಲ್ಲರ್‌ನ ಪ್ರಸಂಗ ನಿಮಗೆ ಗೊತ್ತೇ ಇದೆ. 1973ರಲ್ಲಿ ಜಾನಿ ಕಾರ್ಸನ್‌ನ ದೂರದರ್ಶನ ಕಾರ್ಯಕ್ರಮದಲ್ಲಿ ಸಾಮಾನುಗಳನ್ನು ಮೊದಲೇ ಮುಟ್ಟಲು ಬಿಡಬೇಡಿ ಎಂಬ ರ‍್ಯಾಂಡಿಯ ಒಂದೇ ಸಲಹೆಯಿಂದ ಶಕ್ತಿಯೆಲ್ಲ ಇಪ್ಪತ್ತೆರಡು ನಿಮಿಷ ಮಾಯವಾಯಿತು. ಪೀಟರ್ ಪೊಪಾಫ್ ಎಂಬ ಪ್ರಾರ್ಥನೆಯ ಪವಾಡಪುರುಷ ಭಕ್ತರ ಹೆಸರು, ರೋಗ, ವಿಳಾಸಗಳನ್ನು ದೇವರಿಂದ ಕೇಳಿ ಹೇಳುತ್ತಿದ್ದ. 1986ರಲ್ಲಿ ರ‍್ಯಾಂಡಿಯ ತಂಡ ರೇಡಿಯೊ ಹಿಡಿದು ಕೇಳಿದಾಗ ಅವನ ಕಿವಿಗೆ ಬರುತ್ತಿದ್ದ ದೇವರ ದನಿ ಪೊಪಾಫ್‌ನ ಹೆಂಡತಿಯದಾಗಿತ್ತು, 39.17 ಮೆಗಾಹರ್ಟ್ಸ್‌ನಲ್ಲಿ.

ಉಳಿದ ಸಮಯ ನಮ್ಮ ಊರಿಗೆ. 1976ರಲ್ಲಿ, ಅಮೆರಿಕದಲ್ಲಿ ರ‍್ಯಾಂಡಿ ಮತ್ತು ಸಂಗಡಿಗರು ಅತಿಮಾನುಷ ಹೇಳಿಕೆಗಳ ಪರೀಕ್ಷೆಗೆ ಸಮಿತಿ ಕಟ್ಟಿದ ವರ್ಷವೇ, ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ಪವಾಡಗಳ ಪರಿಶೀಲನೆಗೆ ಸಮಿತಿ ನೇಮಿಸಿದರು. ಪರೀಕ್ಷೆಗೆ ಬನ್ನಿ ಎಂದು ಪುಟ್ಟಪರ್ತಿಯ ಸತ್ಯಸಾಯಿಬಾಬಾ ಅವರಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ವಿಭೂತಿ, ಉಂಗುರ ಬರುವ ಕೈಯಿಂದ ಕುಂಬಳಕಾಯಿ ಯಾಕೆ ಬರುವುದಿಲ್ಲ ಎಂದು ನಮ್ಮ ಎಚ್ಚೆನ್, ಅಂದರೆ ನರಸಿಂಹಯ್ಯನವರು, ಕೇಳಿದ್ದು ಇಲ್ಲಿರುವ ಹಿರಿಯರಿಗೆ ನೆನಪಿರಬೇಕು. ಎಚ್ಚೆನ್ ಅಮೆರಿಕದಲ್ಲಿ ಪರಮಾಣು ಭೌತವಿಜ್ಞಾನ ಓದಿ ಬಂದವರು; ಆದರೆ ಈ ಪ್ರಶ್ನೆ ಭೌತವಿಜ್ಞಾನದ್ದಲ್ಲ. ಮುಷ್ಟಿಯಲ್ಲಿ ಅಡಗುವ ವಸ್ತುವಿಗೂ ಅಡಗದ ವಸ್ತುವಿಗೂ ಇರುವ ವ್ಯತ್ಯಾಸದ ಮೇಲೆಯೇ ಕೈಚಳಕದ ವಿದ್ಯೆಯೆಲ್ಲ ನಿಂತಿದೆ, ಅದನ್ನು ಕೇಳಬೇಕಾದವನು ಜಾದೂಗಾರ. ಖಾದಿ ಜುಬ್ಬಾ, ಗಾಂಧಿ ಟೋಪಿಯ ಆ ಮೇಷ್ಟರು ಹೂಡಿನಿಯ ಪ್ರಶ್ನೆಯನ್ನೇ ಕೇಳಿದ್ದರು.

ಕಾನೂನಿನ ಬಗ್ಗೆ ಎರಡೇ ಮಾತು. ಹಣ ಪಡೆದು ಭವಿಷ್ಯ ಹೇಳುವುದನ್ನು ನಿಷೇಧಿಸಲು 1926ರಲ್ಲಿ ವಾಷಿಂಗ್ಟನ್ನಿಗೆ ತಂದ ಮಸೂದೆಯ ಪರವಾಗಿ ಹೂಡಿನಿ ಕಾಂಗ್ರೆಸ್ ಸಮಿತಿಯ ಮುಂದೆ ಸಾಕ್ಷಿ ನುಡಿದ, ಮಸೂದೆ ಅಂಗೀಕಾರವಾಗಲಿಲ್ಲ. ನಮ್ಮಲ್ಲಿ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರದ ವಿರುದ್ಧ 2017ರಲ್ಲಿ ಕಾಯಿದೆಯಾಗಿ, 2020ರಲ್ಲಿ ಜಾರಿಗೆ ಬಂದಿದೆ. ಅದರಡಿಯಲ್ಲಿ ದೂರು ಬಂದಾಗ ಪೊಲೀಸರು ವೈದ್ಯರನ್ನು ಕೇಳುತ್ತಾರೆ, ವಕೀಲರನ್ನು ಕೇಳುತ್ತಾರೆ. ಪ್ರತಿ ಜಿಲ್ಲೆಯಲ್ಲೂ ಒಬ್ಬರಾದರೂ ಜಾದೂಗಾರರ ಹೆಸರು ಅವರ ಬಳಿ ಇರಲಿ ಎಂದು ಈ ಸಭೆ ಸರ್ಕಾರಕ್ಕೆ ಬರೆಯುವುದಾದರೆ ಮೊದಲ ಸಹಿ ನನ್ನದು. ಪತ್ರದ ಕರಡನ್ನು ತಂದಿದ್ದೇನೆ, ಹೊರಬಾಗಿಲ ಬಳಿಯ ಮೇಜಿನ ಮೇಲಿದೆ. ನಮಸ್ಕಾರ.